ಮೊದಲ ದಿನವೇ ಇಬ್ಬರೂ ಹೋಗಿ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರು ಬರೆದಿರುವುದರ ಸಾರ ಇಷ್ಟು:

"ನನಗೆ 31 ವರ್ಷ, ನಮ್ಮನೆಯವರಿಗೆ 36. ಅವರು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಮದುವೆಯಾದ ಮೊದಲ ವರ್ಷವೇ ಮುಟ್ಟು ನಿಂತಿತ್ತು. ಆಗ ನಾನು ಬಿ.ಎಡ್. ಓದುತ್ತಿದ್ದೆ, ಕೈಯಲ್ಲಿ ಕಾಸೂ ಇರಲಿಲ್ಲ. ಇಬ್ಬರೂ ಮಾತಾಡಿಕೊಂಡು ಮಾತ್ರೆ ತೆಗೆದುಕೊಂಡು ತೆಗೆಸಿದೆವು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಎರಡು ವರ್ಷದಿಂದ ಕಾಯುತ್ತಿದ್ದೇವೆ, ಆಗುತ್ತಿಲ್ಲ. ಹಾಸನದಲ್ಲಿ ಬಂಜೆತನದ ತಜ್ಞರೊಬ್ಬರ ಹತ್ತಿರ ಹೆಸರು ಬರೆಸಿದ್ದೇನೆ. ಅತ್ತೆ ತಾವೂ ಬರುತ್ತೇನೆ ಎನ್ನುತ್ತಾರೆ. ಇವರು ಮಾತ್ರ 'ಒಂದು ಸಲ ನಿಂತಿತ್ತಲ್ಲ, ನನ್ನಲ್ಲಿ ಏನೂ ತೊಂದರೆ ಇಲ್ಲ, ಮೊದಲು ನೀನು ತೋರಿಸಿಕೊಂಡು ಬಾ' ಎನ್ನುತ್ತಾರೆ. ಓರಗಿತ್ತಿಯ ಸೀಮಂತದಲ್ಲಿ ಮಡಿಲು ತುಂಬಲು ಎಲ್ಲರನ್ನೂ ಕರೆದರು, ನನ್ನನ್ನು ಕರೆಯಲಿಲ್ಲ. ಮೊದಲ ದಿನ ಏನೇನು ಮಾಡುತ್ತಾರೆ? ಹಳೆಯದನ್ನು ಡಾಕ್ಟರ್‌ಗೆ ಹೇಳಲೇಬೇಕಾ? ನಾವು ಮಾಡಿದ್ದಕ್ಕೆ ಇದು ಶಿಕ್ಷೆಯಾ?"

ಪ್ರೀತಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಇದು ಶಿಕ್ಷೆ ಅಲ್ಲ. ಓದು ಮುಗಿಯಲಿ, ಸ್ವಲ್ಪ ನೆಲೆ ನಿಲ್ಲೋಣ ಎಂದು ಗಂಡ ಹೆಂಡತಿ ಕೂತು ಮಾಡಿದ ತೀರ್ಮಾನ ಅದು. ಮೊದಲ ವಾರಗಳಲ್ಲಿ, ಸರಿಯಾದ ಕ್ರಮದಲ್ಲಿ ಮಾತ್ರೆ ತೆಗೆದುಕೊಂಡು ಆದ ಗರ್ಭಪಾತದಿಂದ ಮುಂದೆ ಮಕ್ಕಳಾಗಲು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಅಪರೂಪಕ್ಕೆ ತೊಂದರೆ ಬರುವುದು ಒಳಗೆ ಏನಾದರೂ ಉಳಿದು ಸೋಂಕಾದಾಗ. ಸೋಂಕು ಅಂಡ ಸಾಗುವ ಗರ್ಭನಾಳದವರೆಗೆ ಹೋದರೆ ನಾಳ ಮುಚ್ಚಿಕೊಳ್ಳಬಹುದು. ಗರ್ಭಕೋಶದ ಒಳಗನ್ನು ಕೆರೆದು ತೆಗೆಯುವ ಡಿಎನ್‌ಸಿ ಮಾಡಿಸಿದ್ದರೆ ಗರ್ಭಕೋಶದ ಒಳಪದರ ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ಇವನ್ನೆಲ್ಲ ಪರೀಕ್ಷೆ ಮಾಡಿ ನೋಡಬಹುದು, ಬಹಳಷ್ಟಕ್ಕೆ ಚಿಕಿತ್ಸೆಯೂ ಇದೆ.

ಆದ್ದರಿಂದಲೇ ಡಾಕ್ಟರ್‌ಗೆ ಹೇಳಲೇಬೇಕು. ಎಷ್ಟು ವಾರವಾಗಿತ್ತು, ಮಾತ್ರೆ ಡಾಕ್ಟರ್ ಕೊಟ್ಟಿದ್ದಾ ಅಥವಾ ನೇರ ಮೆಡಿಕಲ್ ಶಾಪಿನಿಂದ ತಂದಿದ್ದಾ, ಎಷ್ಟು ದಿನ ರಕ್ತ ಹೋಯಿತು, ಆಮೇಲೆ ಜ್ವರ, ಹೊಟ್ಟೆನೋವು, ವಾಸನೆಯ ಬಿಳಿಸೆರಗು ಇತ್ತಾ, ಎಲ್ಲವನ್ನೂ ಹೇಳಿ. ಅವರ ಮುಂದಿನ ಲೆಕ್ಕಾಚಾರವೇ ಇದರಿಂದ ಬದಲಾಗುತ್ತದೆ. ಗರ್ಭವೇ ನಿಲ್ಲದವರಿಗೆ ನೋಡುವ ರೀತಿ ಬೇರೆ, ಒಮ್ಮೆ ನಿಂತವರಿಗೆ ಬೇರೆ. ನೀವು ಮುಚ್ಚಿಟ್ಟರೆ ಅವರು ಮೊದಲನೆಯ ದಾರಿ ಹಿಡಿಯುತ್ತಾರೆ. ಹೊರಗೆ ಗೊತ್ತಾಗುತ್ತದೆ ಎಂಬ ಭಯ ಬೇಡ. ಗರ್ಭಪಾತ ಮಾಡಿಸಿಕೊಂಡವರ ಹೆಸರು, ವಿವರ ವೈದ್ಯರು ಬಯಲು ಮಾಡುವಂತಿಲ್ಲ ಎಂದು 2021ರ ತಿದ್ದುಪಡಿಯಲ್ಲಿ ಕಾನೂನಿಗೇ ಸೇರಿಸಿದ್ದಾರೆ.

ಅತ್ತೆಯವರು ಬರಲಿ, ಬೇಡ ಎನ್ನಬೇಡಿ. ಬೇಡ ಎಂದರೆ ಅನುಮಾನ ಬರುತ್ತದೆ, ಅವರ ಮನಸ್ಸಿಗೂ ನೋವು. ಆದರೆ ಡಾಕ್ಟರ ಕೋಣೆಯೊಳಗೆ ನೀವಿಬ್ಬರೇ ಹೋಗಬೇಕು. ಹೋದ ಕೂಡಲೇ ಅಲ್ಲಿನ ಸಿಸ್ಟರ್‌ಗೆ "ನಾವು ಇಬ್ಬರೇ ಮಾತಾಡಬೇಕು" ಎಂದು ಒಂದು ಮಾತು ಹೇಳಿಡಿ. ಅವರೇ ಅತ್ತೆಯವರನ್ನು ಹೊರಗೆ ಕೂರಿಸುತ್ತಾರೆ, ನೀವು ಕೆಟ್ಟವರಾಗಬೇಕಿಲ್ಲ.

ಈಗ ನಿಮ್ಮ ಮನೆಯವರ ವಿಷಯ. ಈ ಉತ್ತರದಲ್ಲಿ ನಾನು ಜಾಸ್ತಿ ಒತ್ತಿ ಹೇಳಬೇಕಾದದ್ದು ಇದನ್ನೇ. ಈ ಭಾಗವನ್ನು ಅವರ ಕೈಗೇ ಕೊಡಿ.

ಸ್ವಾಮಿ, ನಾಲ್ಕು ವರ್ಷದ ಹಿಂದೆ ನಿಂತಿತ್ತು ಎನ್ನುವುದು ಇವತ್ತಿನ ರಿಪೋರ್ಟ್ ಅಲ್ಲ. ಗಂಡಸಿನ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಇವತ್ತು ಪರೀಕ್ಷೆಗೆ ಕೊಟ್ಟ ವೀರ್ಯ ಕಳೆದ ಎರಡು ಮೂರು ತಿಂಗಳಲ್ಲಿ ನಿಮ್ಮ ಮೈಯಲ್ಲಿ ಏನಾಯಿತು ಎಂಬುದನ್ನು ಹೇಳುತ್ತದೆ. ಜೋರು ಜ್ವರ ಬಂದಿದ್ದರೆ ವೀರ್ಯಾಣು ಎಣಿಕೆ ಇಳಿದಿರಬಹುದು. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದರೆ ಇಳಿದಿರಬಹುದು. ಸಿಗರೇಟು, ಕುಡಿತ, ವೃಷಣದ ರಕ್ತನಾಳ ಊದಿಕೊಳ್ಳುವ ವೇರಿಕೋಸೀಲ್, ಸಕ್ಕರೆ ಕಾಯಿಲೆ, ಮೈಕಟ್ಟಿಗೆಂದು ಜಿಮ್‌ನವರು ಕೊಡುವ ಹಾರ್ಮೋನ್ ಇಂಜೆಕ್ಷನ್, ಎಲ್ಲವೂ ಕಾರಣವಾಗಬಹುದು. ತೋಟದಲ್ಲಿ ಔಷಧಿ ಹೊಡೆಸುವಾಗ ನೀವೂ ಜೊತೆಗೆ ನಿಲ್ಲುತ್ತೀರಾ? ಯಾವ ಔಷಧಿ ಎಂದು ಬರೆದುಕೊಂಡು ಹೋಗಿ, ಡಾಕ್ಟರ್ ಕೇಳಬಹುದು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಒಂಟಿಯಾಗಿಯೋ ಹೆಂಡತಿಯ ಕಾರಣದ ಜೊತೆಗೋ.

ನಿಮ್ಮ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಅವರ ಪರೀಕ್ಷೆಗಳು ಹಾಗಲ್ಲ. ಸುಲಭವಾದದ್ದನ್ನು ಬಿಟ್ಟು ಹೆಂಡತಿಯನ್ನು ತಿಂಗಳುಗಟ್ಟಲೆ ಸ್ಕ್ಯಾನು, ಇಂಜೆಕ್ಷನ್ನು ಎಂದು ಅಲೆಸಿ, ಕೊನೆಗೆ ಕಾರಣ ಗಂಡನಲ್ಲಿ ಸಿಕ್ಕ ಮನೆಗಳ ಪತ್ರಗಳು ನನ್ನ ಮೇಜಿನ ಮೇಲೆ ಬಂದಿವೆ. ಓದುವಾಗ ಸಂಕಟವಾಗುತ್ತದೆ.

ಪರೀಕ್ಷೆಗೆ ಎರಡರಿಂದ ಏಳು ದಿನ ಸಂಪರ್ಕ ಬಿಟ್ಟಿರಬೇಕು. ಅದಕ್ಕಿಂತ ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಮನೆಯಲ್ಲೇ ತೆಗೆದು ಡಬ್ಬಿಯಲ್ಲಿ ತರುವ ಯೋಚನೆ ನಿಮಗೆ ಆಗುವುದಿಲ್ಲ. ಒಂದು ಗಂಟೆಯೊಳಗೆ ಲ್ಯಾಬ್‌ಗೆ ತಲುಪಬೇಕು. ಮೂಡಿಗೆರೆಯಿಂದ ಬೇಲೂರು ದಾಟಿ ಹಾಸನ ಸೇರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಅಲ್ಲೇ ಬೇರೆ ಕೋಣೆ ಕೊಡುತ್ತಾರೆ. ಎಣ್ಣೆ, ಸೋಪು, ಸಾಮಾನ್ಯ ಕಾಂಡೋಮ್ ಬಳಸಬಾರದು. ಮೊದಲ ದಿನ ಮುಜುಗರಕ್ಕೆ ಆಗದೇ ಹೋದರೆ ಇನ್ನೊಂದು ದಿನ ಕೊಡಬಹುದು. ಇದು ಎಷ್ಟೋ ಜನರಿಗೆ ಆಗುವುದೇ.

ರಿಪೋರ್ಟ್ ಕೈಗೆ ಬಂದಾಗ ನೀವೇ ಓದಿ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದು ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು ಕೆಳಗಿನ ಗೆರೆ. ಚಲನೆ ಇರುವವು 42 ಶೇಕಡಾ. ಸರಿಯಾದ ಆಕಾರದವು 4 ಶೇಕಡಾ ಇದ್ದರೂ ಸಾಕು. "96 ಶೇಕಡಾ ಆಕಾರ ಸರಿ ಇಲ್ಲ" ಎಂದು ಕಂಡ ಕೂಡಲೇ ಎಷ್ಟೋ ಗಂಡಸರು ಕುಸಿದು ಹೋಗುತ್ತಾರೆ. ಆ ಅಂಕಿ ಗೆರೆಯ ಮೇಲೇ ಇದೆ. ಗೆರೆಗಿಂತ ಕೆಳಗಿದ್ದರೂ ಒಂದೇ ರಿಪೋರ್ಟಿನ ಮೇಲೆ ತೀರ್ಪು ಕೊಡುವುದಿಲ್ಲ, ಮತ್ತೊಮ್ಮೆ ಮಾಡಿಸುತ್ತಾರೆ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ, ಸಹೋದರಿ. ಮೊದಲ ದಿನ ಹೆಚ್ಚಿನ ಹೊತ್ತು ಮಾತಿನಲ್ಲೇ ಹೋಗುತ್ತದೆ. ಕಳೆದ ಆರೇಳು ತಿಂಗಳ ಮುಟ್ಟಿನ ದಿನಾಂಕ ಬರೆದುಕೊಂಡು ಹೋಗಿ. ಮುಟ್ಟಿನ ನೋವು, ಥೈರಾಯ್ಡ್, ಹಿಂದೆ ಆದ ಆಪರೇಷನ್ ಎಲ್ಲ ಕೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತಾ ಎಂದೂ ಕೇಳಬಹುದು. ನಮ್ಮ ದೇಶದಲ್ಲಿ ಗರ್ಭನಾಳ ಹಾಳಾಗಲು ಟಿ.ಬಿ. ಒಂದು ಕಾರಣ. ಕೆಮ್ಮೇ ಇಲ್ಲದೆ ಅದು ಒಳಗೇ ಇರಬಹುದು. ವಾರಕ್ಕೆ ಎಷ್ಟು ಸಲ ಸೇರುತ್ತೀರಿ, ಸೇರುವಾಗ ನೋವಿದೆಯಾ ಎಂದೂ ನೇರವಾಗಿ ಕೇಳುತ್ತಾರೆ. ನಾಚಿಕೆಯಿಂದ ಸುಮ್ನೆ ತಲೆ ಆಡಿಸಬೇಡಿ. ಕುಯ್ಲಿನ ಕಾಲದಲ್ಲಿ ಅವರು ತೋಟದಲ್ಲೇ ಉಳಿಯುತ್ತಾರೆ ಎಂದಿದ್ದರೆ ಅದನ್ನೂ ಹೇಳಿ. ಗರ್ಭ ನಿಲ್ಲುವ ದಿನಗಳು ತಿಂಗಳಲ್ಲಿ ಆರೇ. ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ದಿನಗಳಲ್ಲೇ ದೂರ ಇದ್ದರೆ ಎರಡು ವರ್ಷದ ಲೆಕ್ಕ ಎರಡು ವರ್ಷ ಆಗುವುದಿಲ್ಲ.

ಸ್ಕ್ಯಾನ್ ಒಳಗಿನಿಂದ ಮಾಡುವಂಥದ್ದು. ಮೂತ್ರ ಮಾಡಿ ಹೋಗಬೇಕು. ಸ್ವಲ್ಪ ಒತ್ತಿದಂತಾಗುತ್ತದೆ. ಹೆಣ್ಣು ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ಕೆಲವು ಹಾರ್ಮೋನ್ ಪರೀಕ್ಷೆಯನ್ನು ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಮಾಡಬೇಕು, ಅದಕ್ಕೆ ಇನ್ನೊಂದು ದಿನ ಕರೆಯುತ್ತಾರೆ. ಎಎಂಎಚ್ ಎಂಬ ಪರೀಕ್ಷೆ ಅಂಡಗಳ ದಾಸ್ತಾನು ಎಷ್ಟಿದೆ ಎಂದು ಅಂದಾಜು ಹೇಳುತ್ತದೆ ಅಷ್ಟೆ. ಅದು ಕಡಿಮೆ ಬಂದ ಮಾತ್ರಕ್ಕೆ ಸಹಜವಾಗಿ ಗರ್ಭ ನಿಲ್ಲುವುದೇ ಇಲ್ಲ ಎಂದಲ್ಲ. ನಾಳ ತೆರೆದಿದೆಯಾ ಎಂದು ನೋಡುವ ಎಕ್ಸ್‌ರೇ ಪರೀಕ್ಷೆ ಎಚ್‌ಎಸ್‌ಜಿ. ನಿಮ್ಮ ಹಿಂದಿನ ಕಥೆ ಗೊತ್ತಾದರೆ ಇದನ್ನು ಬೇಗ ಮಾಡಿಸಬಹುದು. ಆ ತಿಂಗಳ ಮುಟ್ಟಿನ ರಕ್ತ ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು ಮಾಡುತ್ತಾರೆ. ಮುಟ್ಟಿನ ನೋವಿನಂತೆ ಹಿಂಡುತ್ತದೆ. ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ ಎಂದು ಕೇಳಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಿನಿಂದಲೇ ಶುರು ಮಾಡುವುದು ಒಳ್ಳೆಯದು. ಮಗುವಿನ ಬೆನ್ನುಹುರಿಯ ದೋಷ ತಪ್ಪಿಸಲು ಅದು ಗರ್ಭ ನಿಲ್ಲುವ ಮೊದಲೇ ಮೈಯಲ್ಲಿರಬೇಕು.

ಮೊದಲ ದಿನವೇ ಐವಿಎಫ್ (ಲ್ಯಾಬಿನಲ್ಲಿ ಅಂಡ, ವೀರ್ಯಾಣು ಸೇರಿಸಿ ಗರ್ಭಕೋಶಕ್ಕೆ ಇಡುವ ಚಿಕಿತ್ಸೆ) ಪ್ಯಾಕೇಜ್‌ಗೆ ದುಡ್ಡು ಕಟ್ಟಬೇಡಿ. 31ರ ವಯಸ್ಸಿಗೆ, ಪರೀಕ್ಷೆ ಮುಗಿಯುವ ಮುಂಚೆ ಯಾರಾದರೂ ಅವಸರ ಮಾಡಿದರೆ ಎದ್ದು ಬನ್ನಿ. 2021ರ ಕಾನೂನಿನ ಪ್ರಕಾರ ಐವಿಎಫ್ ಮಾಡುವ ಕ್ಲಿನಿಕ್ ನೋಂದಣಿ ಆಗಿರಬೇಕು. ಯಶಸ್ಸಿನ ಸಾಧ್ಯತೆ ಎಷ್ಟು, ಖರ್ಚೆಷ್ಟು, ಅಡ್ಡಪರಿಣಾಮ ಏನು ಎಂದು ಅವರೇ ಕೂರಿಸಿ ಹೇಳಬೇಕು. ಗಂಡು ಮಗು ಮಾಡಿಕೊಡುತ್ತೇವೆ ಎನ್ನುವುದು ಅಪರಾಧ.

ಹಾಸನಾಂಬೆಯ ಬಾಗಿಲು ತೆಗೆದಾಗ ಅತ್ತೆ ಹರಕೆ ಕಟ್ಟಿದ್ದಾರೆ, ಅದು ತೀರುವವರೆಗೆ ಔಷಧಿ ಬೇಡ ಎನ್ನುತ್ತಾರೆ ಎಂದೂ ಬರೆದಿದ್ದೀರಿ. ಹರಕೆ ಇರಲಿ. ಆದರೆ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ತೆಗೆಯುತ್ತದೆ, ಅಲ್ವಾ? ಅಲ್ಲಿಯವರೆಗೆ ಪರೀಕ್ಷೆ ಮುಂದೂಡುವುದು ಬೇಡ. ದೇವಿ ಬೇಡ ಎಂದಿಲ್ಲ.

ಸೀಮಂತದಲ್ಲಿ ನಿಮ್ಮನ್ನು ಕರೆಯದೆ ಬಿಟ್ಟದ್ದು ಓದಿ ನನಗೆ ಸಿಟ್ಟು ಬಂತು. ಓರಗಿತ್ತಿಯ ಮಗುವಿಗೆ ನೀವು ದೊಡ್ಡಮ್ಮನೋ ಚಿಕ್ಕಮ್ಮನೋ ಆಗುವವರು. ನಿಮ್ಮ ಕೈಯ ಅಕ್ಕಿ, ಕೊಬ್ಬರಿ, ಬಳೆ ಅವರ ಮಡಿಲಿಗೆ ಬಿದ್ದರೆ ಯಾರಿಗೆ ಕೇಡು? ಹಾಗೆ ಮಾಡಿದ್ದು ತಪ್ಪು ಎಂದು ನಿಮ್ಮ ಮನೆಯವರು ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹಳೆಯ ತೀರ್ಮಾನದಲ್ಲಿ ಅವರಿಗೂ ಪಾಲಿದೆ. ಇವತ್ತು ಮಾತು ಕೇಳುತ್ತಿರುವುದು ನೀವೊಬ್ಬರೇ.

ನೇರ ಬೆಂಗಳೂರಿಗೇ ಹೋಗಿ ಎಂದು ಪಕ್ಕದ ಮನೆಯವರು ಹೇಳುತ್ತಾರಂತೆ. ಈಗಲೇ ಬೇಕಿಲ್ಲ. ಈ ಮೊದಲ ಪರೀಕ್ಷೆಗಳೆಲ್ಲ ಹಾಸನದಲ್ಲೇ ಆಗುತ್ತವೆ. ಪ್ರತಿ ರಿಪೋರ್ಟು, ಸ್ಕ್ಯಾನ್ ಫಿಲ್ಮು ಕೇಳಿ ತೆಗೆದುಕೊಂಡು ದಿನಾಂಕದ ಪ್ರಕಾರ ಒಂದು ಫೈಲಿಗೆ ಹಾಕಿ, ಇಬ್ಬರದ್ದೂ ಒಂದೇ ಫೈಲಿನಲ್ಲಿರಲಿ. ಮುಂದೆ ಬೇರೆ ಡಾಕ್ಟರ್ ಹತ್ತಿರ ಹೋದರೆ ಬಹಳಷ್ಟು ಪರೀಕ್ಷೆ ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ. ಹೋಗಿ ಬಂದ ಮೇಲೆ ಬರೆಯಿರಿ. ರಿಪೋರ್ಟಿನಲ್ಲಿ ಅರ್ಥವಾಗದ್ದು ಇದ್ದರೆ ಅದನ್ನೂ ಬರೆಯಿರಿ, ತಿಳಿದವರನ್ನು ಕೇಳಿ ಉತ್ತರ ಹಾಕಿಸುತ್ತೇನೆ.

ಸಂಪಾದಕರು