ನಾಲ್ಕೇ ವಾರಕ್ಕೆ ವಾಪಸ್ ಬರಬೇಕೆನಿಸಿದಾಗ: ದೆಹಲಿಗೆ ಎಂ.ಎ. ಓದಲು ಹೋದ ವಿದ್ಯಾರ್ಥಿನಿಯ ಪ್ರಕರಣ

ಗುರುತು ಸಿಗದಂತೆ ಹೆಸರು, ಊರು, ಓದುವ ವಿಷಯ ಬದಲಿಸಿದ್ದೇವೆ. ಇಲ್ಲಿ ಆಕೆಯನ್ನು ಸಾವಿತ್ರಿ ಎನ್ನೋಣ.

ವಯಸ್ಸು 22. ಗದಗ ಜಿಲ್ಲೆಯ ಒಂದು ಹಳ್ಳಿ. ಹತ್ತನೆಯವರೆಗೂ ಕನ್ನಡ ಮಾಧ್ಯಮ, ಧಾರವಾಡದಲ್ಲಿ ಬಿ.ಎ., ಅದೂ ಕನ್ನಡದಲ್ಲೇ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದು ಉತ್ತರ ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರ ಎಂ.ಎ. ಸೀಟು ಗಿಟ್ಟಿಸಿದ್ದಳು. ಆಗಸ್ಟ್ ಮೊದಲ ವಾರ ದೆಹಲಿ ಸೇರಿದವಳು ಸೆಪ್ಟೆಂಬರ್ ಮೊದಲ ವಾರ ಆಪ್ತಸಮಾಲೋಚಕರಾದ ನಮಗೆ ಫೋನ್ ಮಾಡಿದಳು. “ನನಗ ಇಲ್ಲಿ ಆಗವಲ್ದ್ರೀ ಮೇಡಮ್. ವಾಪಸ್ ಊರಿಗೆ ಬರಬೇಕಂತ ಮಾಡೇನಿ. ಅಪ್ಪಗ ಹೆಂಗ ಹೇಳ್ಲಿ ಅನ್ನೂದು ಅಷ್ಟ ತಿಳಿವಲ್ದು.”

ಮೊದಲ ಮಾತುಕತೆ 50 ನಿಮಿಷ. ಅದರಲ್ಲಿ ಓದಿನ ವಿಚಾರ ಎತ್ತಲೇ ಇಲ್ಲ. ನಿದ್ದೆ, ಊಟ, ಮುಟ್ಟು, ತೂಕ ಇವನ್ನೇ ಕೇಳಿದೆವು. ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ, ಆರಕ್ಕೆ ಎಚ್ಚರ. ತೂಕ 4 ಕಿಲೋ ಇಳಿದಿತ್ತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆವು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಅನೇಕರು ಅಂಜುತ್ತಾರೆ. ಅದು ನಿಜವಲ್ಲ, ಕೇಳಿದರೆ ಮನಸ್ಸು ಹಗುರಾಗುವುದೇ ಹೆಚ್ಚು. ಆಕೆಗೆ ಅಂಥ ಯೋಚನೆ ಇರಲಿಲ್ಲ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಕನ್ನಡದಲ್ಲಿ ಓದಿ ಹೇಳಿದೆವು. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಬೇಕು. ಆಕೆಗೆ ಬಂದದ್ದು 11. ಹಾಗಾಗಿ ವಾರಕ್ಕೊಮ್ಮೆ ಮಾತುಕತೆ, ಮೂರು ವಾರದ ನಂತರ ಮತ್ತೊಮ್ಮೆ ಅಳತೆ ಎಂದು ಗೊತ್ತುಮಾಡಿಕೊಂಡೆವು.

ಆಕೆಗೆ ಕೊಟ್ಟ ಮೊದಲ ಕೆಲಸ ಇಷ್ಟೇ: ಒಂದು ಹಾಳೆಯಲ್ಲಿ, ದೊಡ್ಡದು ಸಣ್ಣದು ನೋಡದೆ, ದೆಹಲಿಯಲ್ಲಿ ತ್ರಾಸು ಕೊಡುವುದನ್ನೆಲ್ಲ ಬರೆ. ಹದಿನಾಲ್ಕು ಸಾಲು ಬರೆದಳು. “ಅವ್ವ ನೆನಪಾಗ್ತಾಳ” ಎಂಬುದು ಒಂದು ಸಾಲು. ಕೋಣೆಗೆ ಸಂಬಂಧಿಸಿದ್ದು ಐದು, ಊಟದ್ದು ಎರಡು, ಭಾಷೆಯದ್ದು ನಾಲ್ಕು, ಉಳಿದದ್ದು ಕಾಗದಪತ್ರ, ಹಣ. “ಆಗವಲ್ದು” ಎಂಬ ಒಂದು ಮಾತಿನೊಳಗೆ ಇಷ್ಟೆಲ್ಲ ಗಂಟು ಕಟ್ಟಿಕೊಂಡಿತ್ತು. ಗಂಟು ಬಿಚ್ಚದೆ ಇರಲೋ ಹೋಗಲೋ ಎಂದು ಕೇಳಿದರೆ ಉತ್ತರ “ಹೋಗಲಿ” ಎಂದೇ ಬರುತ್ತದೆ. ನಿದ್ದೆಗೆಟ್ಟವರು, ಹಸಿದವರು ಊರು ಬಿಡುವ ತೀರ್ಮಾನ ಮಾಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಕೋಣೆಯಿಂದ ಶುರು ಮಾಡಿದೆವು. ಊರಿನಲ್ಲೇ ಕೂತು, ವಿಡಿಯೊ ಕಾಲ್‌ನಲ್ಲಿ ನೋಡಿ ಒಪ್ಪಿದ ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಅದು. ಒಂದು ತಿಂಗಳ ಬಾಡಿಗೆ, ಎರಡು ತಿಂಗಳ ಸೆಕ್ಯುರಿಟಿ, ಬ್ರೋಕರ್‌ಗೆ ಅರ್ಧ ತಿಂಗಳ ಕಮಿಷನ್ ಕೊಟ್ಟಾಗಿತ್ತು. ದೊಡ್ಡ ಹಾಲ್ ಒಂದಕ್ಕೆ ಪ್ಲೈವುಡ್ ಅಡ್ಡ ಹೊಡೆದು ಮೂರು ಕೋಣೆ ಮಾಡಿದ್ದರು, ನಡುವಿನದು ಈಕೆಯದು. ಕಿಟಕಿ ಇಲ್ಲ. ಹಗಲು ರಾತ್ರಿ ಒಂದೇ ಟ್ಯೂಬ್‌ಲೈಟು. ಜೊತೆಗಿದ್ದ ಇಬ್ಬರು ಸರ್ಕಾರಿ ಪರೀಕ್ಷೆಗೆ ಓದುವವರು, ರಾತ್ರಿ ಎರಡರವರೆಗೆ ದೀಪ ಆರಿಸುತ್ತಿರಲಿಲ್ಲ. ನಿದ್ದೆ ಬಾರದಿರುವುದಕ್ಕೆ ತನ್ನ ಮನಸ್ಸೇ ಕಾರಣ ಎಂದು ಆಕೆ ನಂಬಿದ್ದಳು. ಬೆಳಗಿನ ಬೆಳಕು ಬೀಳದ ಕೋಣೆಯಲ್ಲಿ ಯಾರಿಗಾದರೂ ನಿದ್ದೆಯ ಹೊತ್ತು ತಪ್ಪುತ್ತದೆ. ಕೋಣೆ ಬದಲಿಸುವವರೆಗೆ ಕಣ್ಣಿಗೆ ಪಟ್ಟಿ, ಬೆಳಿಗ್ಗೆ ಏಳಕ್ಕೆ ಮಾಳಿಗೆಯ ಮೇಲೆ ಇಪ್ಪತ್ತು ನಿಮಿಷ ನಡಿಗೆ, ಮಧ್ಯಾಹ್ನ ಮಲಗುವುದು ಪೂರ್ತಿ ಬಂದ್. ಹತ್ತು ದಿನಕ್ಕೆ ನಿದ್ದೆ ಹನ್ನೆರಡೂವರೆಗೆ ಬಂತು.

ಕೋಣೆ ಬಿಡುವ ಕ್ರಮವನ್ನೂ ಹೇಳಿಕೊಟ್ಟೆವು, ಏಕೆಂದರೆ ಹೆಚ್ಚಿನ ಮಕ್ಕಳು ಸೆಕ್ಯುರಿಟಿ ಹಣ ಹೋದೀತೆಂದೇ ಕೆಟ್ಟ ಕೋಣೆಯಲ್ಲಿ ಕೊಳೆಯುತ್ತಾರೆ. ಅಗ್ರಿಮೆಂಟ್ ತೆಗೆದು ನೋಟಿಸ್ ಅವಧಿ ಓದು. ಆಕೆಯದರಲ್ಲಿ ಒಂದು ತಿಂಗಳು ಇತ್ತು. ಬಾಯಲ್ಲಿ ಹೇಳಬೇಡ, ತಾರೀಖು ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಬರೆ, ಉತ್ತರ ಬಂದ ಮೇಲೆ ಸ್ಕ್ರೀನ್‌ಶಾಟ್ ಇಟ್ಟುಕೊ. ಕೊನೆಯ ತಿಂಗಳ ಬಾಡಿಗೆಯನ್ನು ಸೆಕ್ಯುರಿಟಿಯಲ್ಲೇ ಮುರಿದುಕೊಳ್ಳಿ ಎಂದು ಮೊದಲೇ ಕೇಳು. ಆಗ ಗಿಂಜಿ ವಸೂಲು ಮಾಡಬೇಕಾದ ಮೊತ್ತ ಅರ್ಧಕ್ಕೆ ಇಳಿಯುತ್ತದೆ. ಸಾಮಾನು ಖಾಲಿ ಮಾಡಿದ ದಿನ ಕೋಣೆಯ ಮತ್ತು ಕರೆಂಟ್ ಸಬ್‌ಮೀಟರ್‌ನ ಫೋಟೊ ತೆಗೆ. ಯೂನಿಟ್ ಲೆಕ್ಕದ ಜಗಳ ಬರುವುದು ಅಲ್ಲಿಯೇ.

ಹೊಸ ಕೋಣೆ ನೋಡಲು ವಿಜಯನಗರ, ಹಡ್ಸನ್ ಲೇನ್, ಕಮಲಾ ನಗರ ಮೂರೂ ಕಡೆ ಸಹಪಾಠಿಯೊಬ್ಬಳ ಜೊತೆ, ಸಂಜೆ ಏಳರ ಮೇಲೆ ಹೋಗು ಎಂದೆವು. ಹಗಲಲ್ಲಿ ಎಲ್ಲ ಕೋಣೆಯೂ ಚೆನ್ನಾಗಿಯೇ ಕಾಣುತ್ತದೆ. ಮೆಟ್ರೊದಿಂದ ಮನೆವರೆಗೆ ಕತ್ತಲಲ್ಲಿ ನಡೆದು ನೋಡಬೇಕು, ನಲ್ಲಿ ತಿರುವಿ ನೀರಿನ ರಭಸ ನೋಡಬೇಕು, ಕೋಣೆಯೊಳಗೆ ಫೋನ್ ಸಿಗ್ನಲ್ ನೋಡಬೇಕು, ಅಲ್ಲಿ ಆಗಲೇ ಇರುವ ಹುಡುಗಿಯನ್ನು ಮಾಲೀಕರಿಲ್ಲದಾಗ ಮಾತಾಡಿಸಬೇಕು. ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡ: ನೆಲಮಾಳಿಗೆಯ ಕೋಣೆ, ಹತ್ತಿಳಿಯಲು ಒಂದೇ ಮೆಟ್ಟಿಲುಸಾಲು ಇರುವ ಕಟ್ಟಡ. 2024ರ ಜುಲೈ 27ರಂದು ಓಲ್ಡ್ ರಾಜಿಂದರ್ ನಗರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. 2023ರ ಜೂನ್‌ನಲ್ಲಿ ಮುಖರ್ಜಿ ನಗರದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ವಿದ್ಯಾರ್ಥಿಗಳು ಹಗ್ಗ, ವೈರು ಹಿಡಿದು ಇಳಿದದ್ದನ್ನು ದೇಶವೇ ನೋಡಿತು. ಬಾಡಿಗೆ ಸಾವಿರ ಕಡಿಮೆ ಎಂದು ಇಲ್ಲಿ ಉಳಿಸಬಾರದು. ಜೊತೆಗೆ ವಿಶ್ವವಿದ್ಯಾಲಯದ ಹಾಸ್ಟೆಲ್ ಕಚೇರಿಗೆ ಪ್ರತಿ ಸೋಮವಾರ ಹೋಗಿ ಕಾಯುವ ಪಟ್ಟಿ ವಿಚಾರಿಸು ಎಂದೂ ಹೇಳಿದ್ದೆವು. ಸೀಟು ಬಿಟ್ಟು ಹೋಗುವವರು ಹೋಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಆಕೆಗೆ ಹಾಸ್ಟೆಲ್ ಸಿಗಲಿಲ್ಲ. ವಿಜಯನಗರದಲ್ಲಿ ಎರಡನೇ ಮಹಡಿಯ, ಪೂರ್ವಕ್ಕೆ ಕಿಟಕಿಯಿರುವ ಕೋಣೆ ಸಿಕ್ಕಿತು, ಬಾಡಿಗೆ ತಿಂಗಳಿಗೆ 1,200 ರೂಪಾಯಿ ಹೆಚ್ಚು.

ಕಾಗದಪತ್ರದ ಚಿಂತೆ ಸಣ್ಣದಾಗಿತ್ತು, ಆದರೆ ರಾತ್ರಿ ಕಾಡುತ್ತಿದ್ದುದು ಅದೇ. ಹಳೆಯ ವಿಶ್ವವಿದ್ಯಾಲಯ ಕೊಡುವ ಮೈಗ್ರೇಶನ್ (ವಲಸೆ) ಸರ್ಟಿಫಿಕೇಟ್ ಸಲ್ಲಿಸಿರಲಿಲ್ಲ, ಪ್ರವೇಶ ತಾತ್ಕಾಲಿಕ ಎಂದು ಬರೆದಿತ್ತು, ರದ್ದಾಗುತ್ತದೆ ಎಂದು ತಾನೇ ಅಂದುಕೊಂಡಿದ್ದಳು. ವಿಭಾಗದ ಕಚೇರಿಯಲ್ಲಿ ಕೊನೆಯ ದಿನಾಂಕ ಯಾವುದೆಂದು ಈವರೆಗೆ ಕೇಳಿರಲಿಲ್ಲ. ಕೇಳಿದಳು, ಇನ್ನೂ ಏಳು ವಾರ ಇತ್ತು. ಧಾರವಾಡದಲ್ಲಿದ್ದ ಚಿಕ್ಕಪ್ಪನ ಮಗ ಅಧಿಕಾರ ಪತ್ರ, ಅಂಕಪಟ್ಟಿ ಮತ್ತು ಗುರುತಿನ ಚೀಟಿಯ ನಕಲು ಹಿಡಿದು ಹೋಗಿ ತಂದು ಸ್ಪೀಡ್ ಪೋಸ್ಟ್ ಮಾಡಿದ. ಹೊರರಾಜ್ಯಕ್ಕೆ ಓದಲು ಹೋಗುವವರು ರೈಲು ಹತ್ತುವ ಮುನ್ನವೇ ಇದಕ್ಕೆ ಅರ್ಜಿ ಹಾಕಿರಬೇಕು.

ಊಟದ ವಿಷಯದಲ್ಲಿ ಮನೆಯವರು ಪ್ರೀತಿಯಿಂದ ಮಾಡಿದ ತಪ್ಪೊಂದಿತ್ತು: ಐದು ಕಿಲೋ ಜೋಳದ ಹಿಟ್ಟು ಕಳಿಸಿದ್ದರು. ಪಿಜಿಯಲ್ಲಿ ಒಲೆ ಮುಟ್ಟಲು ಬಿಡುವುದಿಲ್ಲ, ಬಿಟ್ಟರೂ ಹಳೆಯ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ತಟ್ಟುವಾಗಲೇ ಬಿರಿಯುತ್ತದೆ. ಅದರ ಬದಲು ಕಟಕ ರೊಟ್ಟಿ ಕಳಿಸಿ ಎಂದು ತಾಯಿಗೆ ಹೇಳಿದೆವು. ಚೆನ್ನಾಗಿ ಒಣಗಿಸಿದ್ದು ತಿಂಗಳು ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಅರ್ಧರ್ಧ ಕಿಲೋ, ಅಲ್ಲೇ ಮೊಸರು ಕೊಂಡರೆ ರಾತ್ರಿಯ ಊಟ ಆಗುತ್ತದೆ. ಸಾಸಿವೆ ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿದ್ದವಳಿಗೆ ದಿನಕ್ಕೆ ಒಂದು ಹೊತ್ತು ಬಾಯಿಗೆ ಹಿಡಿಸುವ ಊಟ ಸಿಕ್ಕಿದರೆ ಇನ್ನೊಂದು ಹೊತ್ತನ್ನು ರಾಜ್ಮಾ ಚಾವಲ್‌ನಲ್ಲಿ ಕಳೆಯಬಹುದು. ಎರಡೂ ಹೊತ್ತು ಊರಿನದೇ ಬೇಕೆಂದು ಹಟ ಹಿಡಿದರೆ ಅಲ್ಲಿಯವರ ಜೊತೆ ಕೂತು ಉಣ್ಣುವುದೇ ತಪ್ಪಿ ಹೋಗುತ್ತದೆ. ಹಾಗಾಗಿ ಮಧ್ಯಾಹ್ನದ ಊಟ ಕಡ್ಡಾಯವಾಗಿ ಕ್ಯಾಂಟೀನ್‌ನಲ್ಲಿ, ಸಹಪಾಠಿಗಳ ಜೊತೆ.

ಭಾಷೆಯ ಗಾಯ ಇದಕ್ಕಿಂತ ಆಳ. ಅಂಗಡಿಯಲ್ಲಿ “ಚಾಯ್ ಹೋನಾ” ಎಂದಿದ್ದಳು. ನಮ್ಮ ಹುಬ್ಬಳ್ಳಿ, ಗದಗ ಕಡೆಯ ದಖ್ಖನಿ ಮಾತಿನಲ್ಲಿ ಅದು ಸರಿಯೇ, “ಬೇಕು” ಎಂದೇ ಅರ್ಥ. ದೆಹಲಿಯಲ್ಲಿ “ಚಾಹಿಯೇ” ಎನ್ನಬೇಕು. ಅಂಗಡಿಯವ ನಕ್ಕ, ಹಿಂದೆ ನಿಂತಿದ್ದವರೂ ನಕ್ಕರು. ಅಂದಿನಿಂದ ಬಾಯಿ ಬಿಡುವುದನ್ನೇ ಬಿಟ್ಟಳು, ತರಗತಿಯಲ್ಲೂ. ನಿನ್ನದು ತಪ್ಪು ಹಿಂದಿಯಲ್ಲ, ಬೇರೆ ಊರಿನ ಮಾತು ಎಂದು ವಿವರಿಸಿದ್ದು ಆಕೆಗೆ ಎಷ್ಟು ಮುಖ್ಯವಾಯಿತೆಂದರೆ, ಮುಂದಿನ ವಾರ ಸಮಾಜಶಾಸ್ತ್ರದ ತರಗತಿಯಲ್ಲಿ ಅದನ್ನೇ ಉದಾಹರಣೆ ಕೊಟ್ಟು ಮೊದಲ ಬಾರಿ ಮಾತಾಡಿದಳು. ದಿನಬಳಕೆಗೆ ನಲವತ್ತು ವಾಕ್ಯ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡಳು: “ಥೋಡಾ ಧೀರೇ ಬೋಲಿಯೇ” (ಸ್ವಲ್ಪ ನಿಧಾನ ಮಾತಾಡಿ), “ಮೀಟರ್ ಸೇ ಚಲಿಯೇ” (ಮೀಟರ್ ಹಾಕಿ ನಡೀರಿ).

ಇಂಗ್ಲಿಷ್ ಓದಿನ ಕಷ್ಟಕ್ಕೆ ಹೀಗೆ ಮಾಡಿದೆವು. ವಾರಕ್ಕೆ ನಾಲ್ಕು ಪೇಪರ್, ಒಂದೊಂದಕ್ಕೂ 50-60 ಪುಟ. ಆಕೆ ಮೊದಲ ಸಾಲಿನಿಂದ ನಿಘಂಟು ಹಿಡಿದು ಓದುತ್ತಿದ್ದಳು, ಎಂಟನೇ ಪುಟಕ್ಕೆ ಸೋಲುತ್ತಿದ್ದಳು. ಬದಲಿಗೆ ಮೊದಲು ಪ್ರಸ್ತಾವನೆಯ ಎರಡು ಪುಟ, ಆಮೇಲೆ ಕೊನೆಯ ಎರಡು ಪುಟ, ನಂತರ ಉಪಶೀರ್ಷಿಕೆಗಳು. ಲೇಖಕ ಏನು ಹೇಳುತ್ತಿದ್ದಾನೆ ಎಂದು ಕನ್ನಡದಲ್ಲಿ ಐದು ಸಾಲು ಬರೆ. ಬರೆಯಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ. ಆಮೇಲಷ್ಟೇ ನಡುವಿನ ಭಾಗ. ಕೊನೆಗೆ ಅದೇ ಐದು ಸಾಲು ಇಂಗ್ಲಿಷ್‌ನಲ್ಲಿ. ತರಗತಿಗೆ ಒಂದು ಪ್ರಶ್ನೆ ಬರೆದುಕೊಂಡು ಹೋಗಿ ಮೊದಲ ಹದಿನೈದು ನಿಮಿಷದೊಳಗೆ ಕೇಳಿಬಿಡು, ತಡವಾದಷ್ಟೂ ಎದೆ ಡವಗುಟ್ಟುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವುದು ಕೀಳು ಎಂದು ಯಾರೋ ಹೇಳಿದ್ದರಂತೆ. ಅದನ್ನು ಮನಸ್ಸಿನಿಂದ ಕಿತ್ತುಹಾಕಲು ಒಂದು ಪೂರ್ತಿ ಭೇಟಿ ಬೇಕಾಯಿತು.

ನಾವು ಕೊಟ್ಟ ಒಂದು ಸಲಹೆ ಫಲ ಕೊಡಲಿಲ್ಲ. ಎರಡನೇ ವಾರವೇ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ ಬಾ ಎಂದಿದ್ದೆವು. ಯೆಲ್ಲೊ ಲೈನ್‌ನಲ್ಲಿ ಐಎನ್‌ಎವರೆಗೆ, ಅಲ್ಲಿ ಪಿಂಕ್ ಲೈನ್ ಹಿಡಿದು ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ನಿಲ್ದಾಣ, ನಂತರ ಆಟೊ. ಕಾರ್ಯಕ್ರಮದ ದಿನ ಹೋದಳು. ಎಲ್ಲರೂ ಕುಟುಂಬ ಸಮೇತ ಬಂದವರು, ಒಬ್ಬರಿಗೊಬ್ಬರು ಮೊದಲೇ ಪರಿಚಿತರು. ಕನ್ನಡ ಕಿವಿಗೆ ಬಿದ್ದು ಒಂಟಿತನ ಇನ್ನಷ್ಟು ಚುರುಕಾಯಿತು, ಮೆಟ್ರೊದಲ್ಲಿ ಅತ್ತುಕೊಂಡೇ ವಾಪಸಾದಳು. ಕುಗ್ಗಿದ ಮನಸ್ಸನ್ನು ದೊಡ್ಡ ಗುಂಪಿಗೆ ಕಳಿಸುವುದು ಅವಸರವಾಯಿತು. ಮೊದಲು ಒಬ್ಬರು, ಆಮೇಲೆ ಇಬ್ಬರು ಎಂಬಂತೆ ಬದಲಿಸಿದೆವು. ಅದೇ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಕಲಬುರಗಿಯ ಅಕ್ಕ ಒಬ್ಬರ ಜೊತೆ ಬುಧವಾರ ಸಂಜೆಯ ಚಹಾ ಗೊತ್ತಾಯಿತು. ನವೆಂಬರ್‌ನಲ್ಲಿ ಇಬ್ಬರೂ ಸೇರಿ ಸಂಘಕ್ಕೆ ಹೋದಾಗ ಆಕೆಗೆ ಅದು ಬೇರೆಯೇ ಜಾಗವಾಗಿ ಕಂಡಿತು.

ಮನೆಯ ಫೋನು ದಿನಕ್ಕೆ ಮೂರು ಬಾರಿ. “ಉಂಡಿಯೇನವ್ವಾ?” ಎಂದರೆ ಇಲ್ಲಿ ಗಂಟಲು ಕಟ್ಟುತ್ತಿತ್ತು, ಆದರೂ “ಹ್ಞೂಂ” ಎನ್ನುತ್ತಿದ್ದಳು. ಸುಳ್ಳು ಹೇಳಿದ ಮೇಲೆ ಇನ್ನೊಂದು ಗಂಟೆ ಓದು ಹತ್ತುತ್ತಿರಲಿಲ್ಲ. ಆಕೆಯ ಒಪ್ಪಿಗೆ ಪಡೆದು ತಂದೆ ತಾಯಿಯನ್ನೂ ಒಂದೇ ಕರೆಗೆ ಸೇರಿಸಿದೆವು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಂದೆಗೆ ಎರಡು ಮಾತು ಆಡಬೇಡಿ ಎಂದು ಕೇಳಿಕೊಂಡೆವು: “ಬಂದ್ಬಿಡವ್ವಾ” ಮತ್ತು “ಇಷ್ಟು ರೊಕ್ಕ ಹಾಕೇವಿ”. ಮೊದಲನೆಯ ಮಾತು ಕಾಲು ಸಡಿಲಿಸುತ್ತದೆ, ಎರಡನೆಯದು ಕೊರಳು ಬಿಗಿಯುತ್ತದೆ. ರಾತ್ರಿ ಎಂಟೂವರೆಗೆ ಒಂದೇ ಕರೆ, ಇಪ್ಪತ್ತು ನಿಮಿಷ, ಅದರಲ್ಲಿ ಊರಿನ ಸುದ್ದಿಯೂ ಇರಲಿ ಎಂದೆವು. ಎಮ್ಮೆ ಕರು ಹಾಕಿದ್ದನ್ನು ಆಕೆಗೆ ಬೇಜಾರಾದೀತೆಂದು ಹೇಳಿರಲಿಲ್ಲವಂತೆ.

ವಾಪಸ್ ಬರುವ ಬಾಗಿಲನ್ನು ಮುಚ್ಚಲಿಲ್ಲ. ಅಕ್ಟೋಬರ್ 31ಕ್ಕೆ ತೀರ್ಮಾನ, ಅಲ್ಲಿಯವರೆಗೆ ಪ್ರತಿದಿನ ಆ ಪ್ರಶ್ನೆ ಎತ್ತುವಂತಿಲ್ಲ ಎಂದು ಒಪ್ಪಂದವಾಯಿತು. ಶುಲ್ಕ ವಾಪಸಾತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆಯಾ ವರ್ಷದ ಸುತ್ತೋಲೆಯಲ್ಲಿ ಕೊಡುವ ದಿನಾಂಕವನ್ನು ನೋಡಿಯೇ ಇಂಥ ಗಡುವು ಇಡಬೇಕು, ದಾಟಿದರೆ ಹಣವೂ ಹೋಗುತ್ತದೆ. ಚಳಿಗಾಲದ ರಜೆಗೆ ಹಜರತ್ ನಿಜಾಮುದ್ದೀನ್‌ನಿಂದ ಬೆಳಗಾವಿಗೆ ಗೋವಾ ಎಕ್ಸ್‌ಪ್ರೆಸ್ ಟಿಕೆಟ್ ಮಾಡಿಸಿದಳು, ಮರಳುವ ಟಿಕೆಟ್‌ ಸಹಿತ. ಈಗ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ, ಅದೇ ದಿನ ಬೆಳಿಗ್ಗೆ ಮಾಡದಿದ್ದರೆ ವೇಟಿಂಗ್ ಲಿಸ್ಟೇ ಗತಿ. ಕೈಯಲ್ಲಿ ದಿನಾಂಕ ಹಿಡಿದವರಿಗೆ ಎಣಿಸಲು ಏನಾದರೂ ಇರುತ್ತದೆ.

ನವೆಂಬರ್‌ನ ಹೊಗೆಗೆ ಎನ್95 ಮಾಸ್ಕ್, ಚಳಿಗೆ ಎರಡು ಜೊತೆ ಥರ್ಮಲ್ ಮತ್ತು ಅಲ್ಲಿಯದೇ ರಜಾಯಿ ಸಾಕು. ಊರಿನ ಸ್ವೆಟರ್ ದೆಹಲಿಯ ಜನವರಿಗೆ ತಡೆಯುವುದಿಲ್ಲ.

ಇಂಥ ಎಲ್ಲ ಪ್ರಕರಣಗಳೂ ಮಾತಿನಲ್ಲೇ ಸರಿಹೋಗುವುದಿಲ್ಲ. ಎರಡು ವಾರ ಹಾಸಿಗೆ ಬಿಟ್ಟು ಏಳಲಾಗದಿದ್ದರೆ, ಸ್ನಾನ ಊಟ ನಿಂತಿದ್ದರೆ, ಸಾಯುವ ಮಾತು ಬಂದರೆ, ಅಂದೇ ವೈದ್ಯರನ್ನು ಕಾಣಬೇಕು. ದೆಹಲಿಯ ದಿಲ್ಶಾದ್ ಗಾರ್ಡನ್‌ನಲ್ಲಿರುವ ಸರ್ಕಾರಿ ಇಹ್‌ಬಾಸ್ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಾವಿತ್ರಿಯ ಪಿಎಚ್‌ಕ್ಯೂ-9 ಅಂಕ ಮೂರು ವಾರಕ್ಕೆ 8, ಅಕ್ಟೋಬರ್ ಕೊನೆಗೆ 5. ಗಡುವಿನ ದಿನ ಆಕೆ ಫೋನ್ ಮಾಡಿ, ಡಿಸೆಂಬರ್‌ವರೆಗೆ ಇದ್ದು ನೋಡುತ್ತೇನೆ ಎಂದಳು. ಅಷ್ಟೇ ಸಾಕೆಂದೆವು. ಮೊದಲ ಟರ್ಮ್ ಪೇಪರ್‌ಗೆ ಅಂಕ ಕಡಿಮೆ ಬಂದಿದೆ, ಇಂಗ್ಲಿಷ್ ಬರವಣಿಗೆಯ ತೊಡಕು ಹಾಗೇ ಇದೆ. ಕಲಬುರಗಿಯ ಅಕ್ಕ ಪ್ರತಿ ಬುಧವಾರ ಎರಡು ಪುಟ ತಿದ್ದಿಕೊಡುತ್ತಿದ್ದಾರೆ.