ದೊಡ್ಡ ನೆಗೆಟಿವ್ ಇರುವುದು ಹಿನ್ನೆಲೆ ಮಸುಕಾಗಲಿ ಅಂತಲ್ಲ: ಮೀಡಿಯಂ ಫಾರ್ಮ್ಯಾಟ್ ಪೋರ್ಟ್ರೇಟ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು 120 ರೋಲ್ (35 ಎಂಎಂಗಿಂತ ಅಗಲವಾದ ಫಿಲ್ಮ್) ಹಾಕುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳಲ್ಲಿ ಪೋರ್ಟ್ರೇಟ್ ತೆಗೆಯುವ ಬಗ್ಗೆ. ಒಂದೇ ತರಹದವನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ಇಷ್ಟು ದಿನ 35 ಎಂಎಂ ಫಿಲ್ಮ್‌ನಲ್ಲೇ ತೆಗೀತಿದ್ದೆ. ಈಗ ಮೀಡಿಯಂ ಫಾರ್ಮ್ಯಾಟ್ ತಗೋಬೇಕು. ಮಾಮಿಯಾ ಆರ್‌ಬಿ 67 ಒಳ್ಳೆಯದಾ, ಹ್ಯಾಸಲ್‌ಬ್ಲಾಡ್‌ಗೆ ದುಡ್ಡು ಕೂಡಿಡಲಾ, ಇಲ್ಲ ಯಾಶಿಕಾ ಮ್ಯಾಟ್ ಸಾಕಾ? ಹಿನ್ನೆಲೆ ಪೂರ್ತಿ ಕರಗಿ ಹೋಗಬೇಕು. — ಜಯನಗರ

ಕೊನೆಯ ವಾಕ್ಯದಿಂದಲೇ ಶುರು ಮಾಡೋಣ. ಹಿನ್ನೆಲೆ ಕರಗಿಸುವುದಷ್ಟೇ ಬೇಕಿದ್ದರೆ ನಿಮ್ಮ 35 ಎಂಎಂ ಕ್ಯಾಮೆರಾಗೆ ಒಂದು 85 ಎಂಎಂ ಎಫ್ 1.8 ಲೆನ್ಸ್ ಹಾಕಿ, ಸಾಕು. ಮೀಡಿಯಂ ಫಾರ್ಮ್ಯಾಟ್ ಲೆನ್ಸ್‌ಗಳು ಬಹುತೇಕ ಎಫ್ 2.8, 3.5, 3.8, 4 ಇಂಥವು (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಬಾಯಿ ದೊಡ್ಡದು, ಹಿನ್ನೆಲೆ ಹೆಚ್ಚು ಮಸುಕು). ಅವುಗಳ ಶಕ್ತಿ ಬೇರೆ ಕಡೆ ಇದೆ.

35 ಎಂಎಂ ಫ್ರೇಮ್ 24×36 ಮಿಲಿಮೀಟರ್. 120 ರೋಲ್ ಮೇಲಿನ 6×6 ಫ್ರೇಮ್ (ಸೆಂಟಿಮೀಟರ್ ಲೆಕ್ಕದ ಹೆಸರು) ನಿಜಕ್ಕೂ 56×56 ಮಿಲಿಮೀಟರ್. ಅಂದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. 6×7 ಆದರೆ ನಾಲ್ಕೂವರೆ ಪಟ್ಟು. ಅದೇ ಮುಖ ಅಷ್ಟು ದೊಡ್ಡ ಫಿಲ್ಮ್ ಮೇಲೆ ಬಿದ್ದಾಗ ಪ್ರಿಂಟ್‌ಗೆ ಕಡಿಮೆ ಹಿಗ್ಗಿಸಬೇಕು, ಗ್ರೇನ್ (ಫಿಲ್ಮ್ ಮೇಲಿನ ಕಾಳು ಕಾಳು ಚುಕ್ಕೆ) ಸಣ್ಣದಾಗಿ ಕಾಣುತ್ತದೆ, ಕೆನ್ನೆಯ ಬೆಳಕಿನ ಭಾಗದಿಂದ ಕಿವಿಯ ಹತ್ತಿರದ ನೆರಳಿನವರೆಗೆ ಬೆಳಕು ಹಂತ ಹಂತವಾಗಿ ಇಳಿಯುವುದು ಕಣ್ಣಿಗೆ ಸಿಗುತ್ತದೆ. ಈ ಕ್ಯಾಮೆರಾ ಕೊಳ್ಳಬೇಕಾದ್ದು ಇದಕ್ಕೆ.

ಈಗ ಯಾವುದು ಅನ್ನೋ ಪ್ರಶ್ನೆ. ಎದೆಯವರೆಗಿನ ಚಿತ್ರ, ಮನೆಯಲ್ಲಿ ಕೂತವರು, ಕೆಲಸದ ಜಾಗದಲ್ಲಿ ನಿಂತವರು ಇಂಥದ್ದೇ ಜಾಸ್ತಿ ತೆಗೆಯುತ್ತೀರಿ ಅಂದರೆ ಯಾಶಿಕಾ ಮ್ಯಾಟ್ 124ಜಿ ಸಾಕು, ಧೈರ್ಯವಾಗಿ ತಗೊಳ್ಳಿ. ಹಗುರ, ಶಟರ್ ಸದ್ದು ಬರೀ ಚಿಟಿಕೆಯಷ್ಟು. ಆದರೆ ಅದು ಸುಮಾರು ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗಲ್ಲ, ಲೆನ್ಸ್ ಬದಲಿಸೋಕೂ ಆಗಲ್ಲ. ಮುಖವೇ ಫ್ರೇಮ್ ತುಂಬಬೇಕು ಅನ್ನೋರಿಗೆ ಆರ್‌ಬಿ 67. 1970ರಲ್ಲಿ ಬಂದ ಕ್ಯಾಮೆರಾ, ಬ್ಯಾಟರಿ ಬೇಕಿಲ್ಲ, ಬೆಲೋಸ್ (ಲೆನ್ಸನ್ನು ಮುಂದಕ್ಕೆ ಚಾಚುವ ಮಡಿಕೆ ಚೀಲ) ಇರುವುದರಿಂದ ತುಂಬಾ ಹತ್ತಿರ ಹೋಗಬಹುದು. ಹಿಂದಿನ ಬ್ಯಾಕ್ ತಿರುಗಿಸಿದರೆ ಅಡ್ಡ ಫ್ರೇಮ್ ಉದ್ದ ಆಗುತ್ತದೆ. ಲೆನ್ಸ್ ಸೇರಿ ಎರಡೂವರೆ ಕಿಲೋ ಮೀರುತ್ತದೆ, ಹಾಗಾಗಿ ಅದರ ಜೊತೆ ಗಟ್ಟಿ ಟ್ರೈಪಾಡ್‌ಗೂ ದುಡ್ಡು ಎತ್ತಿಡಿ. ಹ್ಯಾಸಲ್‌ಬ್ಲಾಡ್ 500ಸಿ/ಎಂ ಚೆಂದದ ಕ್ಯಾಮೆರಾ, ಅದರ 150 ಎಂಎಂ ಲೆನ್ಸ್ ಪೋರ್ಟ್ರೇಟ್‌ಗೆ ಹೇಳಿ ಮಾಡಿಸಿದ್ದು, ಆದರೆ ಅದಕ್ಕಾಗಿ ವರ್ಷಗಟ್ಟಲೆ ಕಾಯುವ ಬದಲು ಆ ದುಡ್ಡಿನಲ್ಲಿ ಫಿಲ್ಮ್ ತಗೊಂಡು ಜನರನ್ನು ತೆಗೆಯಿರಿ ಅನ್ನೋದು ನನ್ನ ಮಾತು.

ಚಿಕ್ಕಪೇಟೆ ಕಡೆ ಸಂಡೆ ಬಜಾರಿನಲ್ಲೋ ಯಾರದೋ ಮನೆಯಲ್ಲೋ ಹಳೆಯ ಕ್ಯಾಮೆರಾ ಸಿಕ್ಕಿದರೆ ಮೊದಲು 1 ಸೆಕೆಂಡ್ ಶಟರ್ ಒತ್ತಿ ಕೇಳಿ. ನಡುವೆ ತಡವರಿಸಿ ನಿಂತರೆ ಸರ್ವಿಸ್ ಬೇಕು. ಆಮೇಲೆ ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಬೇರಿನಂತೆ ಹರಡಿದ ಫಂಗಸ್ ಕಂಡರೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲೇ ಮುಚ್ಚಿಟ್ಟ ಕ್ಯಾಮೆರಾಗಳಲ್ಲಿ ಇದು ತೀರಾ ಸಾಮಾನ್ಯ.

ಪ್ರಶ್ನೆ: ಆರ್‌ಬಿ 67, 127 ಎಂಎಂ ಲೆನ್ಸ್. ಒಂದು ಮೀಟರ್ ದೂರದಿಂದ ತೆಗೆದ ಮುಖಗಳಲ್ಲಿ ಕಿವಿ ಚೂಪಾಗಿದೆ, ಕಣ್ಣು ಮಸುಕು. ಲೈಟ್ ಮೀಟರ್ ನೋಡಿಯೇ ತೆಗೆದರೂ ಈ ಫ್ರೇಮ್‌ಗಳೆಲ್ಲ ಸ್ವಲ್ಪ ಕತ್ತಲೆ ಬೇರೆ. ದೂರದಿಂದ ತೆಗೆದವು ಸರಿ ಇವೆ. — ಯಲಹಂಕ

ಎರಡು ಬೇರೆ ಬೇರೆ ತೊಂದರೆ, ಎರಡೂ ಹತ್ತಿರ ಹೋಗಿದ್ದಕ್ಕೆ ಬಂದವು.

ಕತ್ತಲೆಯದ್ದು ಸುಲಭ. ಬೆಲೋಸ್ ಚಾಚಿದಷ್ಟೂ ಲೆನ್ಸ್ ಫಿಲ್ಮ್‌ನಿಂದ ದೂರ ಹೋಗುತ್ತದೆ, ಫಿಲ್ಮ್‌ಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಕೈಯಲ್ಲಿ ಹಿಡಿದ ಮೀಟರ್‌ಗೆ ಇದು ಗೊತ್ತಾಗಲ್ಲ. ನಿಮ್ಮ ಲೆನ್ಸ್‌ನಲ್ಲಿ ಒಂದು ಮೀಟರ್ ದೂರಕ್ಕೆ ಹೆಚ್ಚುಕಡಿಮೆ ಅರ್ಧ ಸ್ಟಾಪ್ ಜಾಸ್ತಿ ಕೊಡಿ (ಒಂದು ಸ್ಟಾಪ್ ಜಾಸ್ತಿ ಅಂದರೆ ಎರಡು ಪಟ್ಟು ಬೆಳಕು). 60 ಸೆಂಟಿಮೀಟರ್‌ಗೆ ಹೋದರೆ ಮುಕ್ಕಾಲು ಸ್ಟಾಪ್. ಕ್ಯಾಮೆರಾದ ಪಕ್ಕದಲ್ಲೇ ಇದಕ್ಕೊಂದು ಗೀಟುಗಳ ಪಟ್ಟಿ ಇದೆ ನೋಡಿ, ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ.

ಕಣ್ಣಿನದ್ದು ಕಷ್ಟದ್ದು. ಒಂದು ಮೀಟರ್ ದೂರದಲ್ಲಿ ಎಫ್ 3.8 ಇಟ್ಟರೆ ಚೂಪಾಗಿ ಬರುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಕಣ್ಣಿನಿಂದ ಕಿವಿಗೆ ಅದರ ಮೂರು ನಾಲ್ಕು ಪಟ್ಟು ದೂರ. ನೀವು ಫೋಕಸ್ ಮಾಡಿ, ಫೈಂಡರ್ ಮೇಲಿನ ಭೂತಗನ್ನಡಿ ಮಡಚಿ, ಫ್ರೇಮ್ ಸರಿ ಮಾಡಿಕೊಳ್ಳುವಷ್ಟರಲ್ಲಿ ಎದುರಿಗಿರುವವರು ಒಂದು ಉಸಿರು ತಗೊಂಡು ಸ್ವಲ್ಪ ಮುಂದೆ ಬಾಗಿರುತ್ತಾರೆ. ಅಷ್ಟೇ, ಫೋಕಸ್ ಹಿಂದಕ್ಕೆ ಜಾರಿ ಕಿವಿಗೆ ಕೂತಿತು! ಎಫ್ 8ಕ್ಕೆ ಬನ್ನಿ, ಐದು ಸೆಂಟಿಮೀಟರ್ ಸಿಗುತ್ತದೆ. ಎಫ್ 11ರಲ್ಲಿ ಏಳು. ಅಷ್ಟಾದರೂ ಆರೇಳು ಅಡಿ ಹಿಂದಿನ ಗೋಡೆ ಮೆತ್ತಗೇ ಇರುತ್ತದೆ, ಹೆದರಬೇಡಿ.

ಕೂರಿಸುವುದರಲ್ಲೂ ದಾರಿ ಇದೆ. ಬೆನ್ನಿಗೆ ಒರಗು ಇರುವ ಕುರ್ಚಿ ಕೊಡಿ. ಕುರ್ಚಿ ತಿರುಗಿಸಿ ಕೂತು ಅದರ ಬೆನ್ನಿನ ಮೇಲೆ ಕೈ ಊರಿಕೊಂಡರೆ ಇನ್ನೂ ಒಳ್ಳೆಯದು, ದೇಹ ಅಲ್ಲಾಡಲ್ಲ. ಕ್ಯಾಮೆರಾಕ್ಕೆ ಹತ್ತಿರ ಇರುವ ಕಣ್ಣಿಗೆ ಫೋಕಸ್ ಮಾಡಿ, ಅದರಲ್ಲೂ ಕಣ್ಣಿನಲ್ಲಿ ಕಾಣುವ ಕಿಟಕಿಯ ಹೊಳಪಿಗೆ. ಫ್ರೇಮ್ ಮೊದಲು ಸರಿ ಮಾಡಿಕೊಳ್ಳಿ, ಫೋಕಸ್ ಕೊನೆಗೆ, ತಕ್ಷಣ ಕ್ಲಿಕ್.

ಇಷ್ಟು ಮಾಡಿದರೂ ಪ್ರತಿ ಸಲ ಹಿಂದಕ್ಕೇ ಹೋಗುತ್ತಿದ್ದರೆ ಕ್ಯಾಮೆರಾ ಮೇಲೆ ಅನುಮಾನ ಪಡಿ. ಮೂರು ಪುಸ್ತಕ ಒಂದರ ಹಿಂದೆ ಒಂದು ಸ್ವಲ್ಪ ಪಕ್ಕಕ್ಕೆ ಸರಿಸಿ ನಿಲ್ಲಿಸಿ, ನಡುವಿನದಕ್ಕೆ ಫೋಕಸ್ ಮಾಡಿ ತೆಗೆಯಿರಿ. ನೆಗೆಟಿವ್‌ನಲ್ಲಿ ಹಿಂದಿನದು ಚೂಪಾಗಿ ಬಂದರೆ ಫೋಕಸ್ ಗಾಜು (ಫೈಂಡರ್ ಒಳಗೆ ಚಿತ್ರ ಮೂಡುವ ಗಾಜು) ಸರಿಯಾಗಿ ಕೂತಿಲ್ಲ ಅಂತ.

ಪ್ರಶ್ನೆ: ನಮ್ಮದು ಬಸವನಗುಡಿಯ ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಅಜ್ಜಿಯದು ಒಂದು ಒಳ್ಳೆ ಪೋರ್ಟ್ರೇಟ್ ತೆಗೀಬೇಕು. ಸ್ಟುಡಿಯೋ ಲೈಟ್ ಇಲ್ಲ. ಯಾವ ಫಿಲ್ಮ್ ಹಾಕಲಿ, ಎಲ್ಲಿ ಕೂರಿಸಲಿ, ಬೆಳಕು ಹೇಗೆ ಅಳೀಲಿ? ಕ್ಯಾಮೆರಾ ಯಾಶಿಕಾ ಮ್ಯಾಟ್. — ಬಸವನಗುಡಿ

ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದು. ಲೈಟ್ ಬೇಕಾಗಿಲ್ಲ, ನಿಮ್ಮ ಮನೆಯಲ್ಲಿ ಬೇಕಾದ್ದೆಲ್ಲ ಇದೆ.

ಮೊದಲು ಕಿಟಕಿ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಹುಡುಕಿ. ಉತ್ತರದ ಕಿಟಕಿ ಅಂತ ಪುಸ್ತಕಗಳಲ್ಲಿ ಬರೆದಿರುತ್ತದೆ. ಆದರೆ ಬೆಂಗಳೂರಿನಲ್ಲಿ ಅದು ವರ್ಷಪೂರ್ತಿ ನಿಜ ಅಲ್ಲ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಈ ಎರಡರ ನಡುವೆ ಅವನು ಉತ್ತರಕ್ಕೇ ವಾಲಿರುತ್ತಾನೆ, ಬಿಸಿಲು ಉತ್ತರದ ಕಿಟಕಿಯಿಂದಲೂ ಒಳಗೆ ಬರಬಹುದು. ಹಾಗಾಗಿ ದಿಕ್ಕು ನಂಬಬೇಡಿ, ಆ ದಿನ ಹೋಗಿ ನೋಡಿ. ಬಿಸಿಲು ಬಂದರೆ ತೆಳ್ಳನೆ ಬಿಳಿ ಪಂಚೆ ಕಟ್ಟಿಬಿಡಿ. ಜುಲೈನ ಮೋಡದ ಬೆಳಗ್ಗೆ ಸಿಕ್ಕಿದರಂತೂ ಬಿಡಬೇಡಿ, ಈ ಊರಿನಲ್ಲಿ ಅದಕ್ಕಿಂತ ಮೆತ್ತನೆಯ ಬೆಳಕು ಇಲ್ಲ.

ಅಜ್ಜಿಯನ್ನು ಕಿಟಕಿಗೆ ಅಂಟಿಸಿ ಕೂರಿಸಬೇಡಿ, ಮೂರು ನಾಲ್ಕು ಅಡಿ ಈಚೆ ಕೂರಿಸಿ. ಮುಖ ಕಿಟಕಿ ಕಡೆಗೆ ಅರೆ ತಿರುಗಿರಲಿ. ಆಚೆ ಕೆನ್ನೆ ತುಂಬಾ ಕಪ್ಪಾದರೆ ಆ ಪಕ್ಕ ಒಂದು ಬಿಳಿ ಬೆಡ್‌ಶೀಟ್ ಹಿಡಿಸಿ. ನನ್ನನ್ನು ಕೇಳಿದರೆ ಅದೂ ಬೇಡ, ವಯಸ್ಸಾದವರ ಮುಖದಲ್ಲಿ ಒಂದು ಬದಿ ನೆರಳಿಗೆ ಹೋದರೇನೇ ಸುಕ್ಕುಗಳು, ಮೂಗುಬೊಟ್ಟು, ಗಲ್ಲದ ಆಕಾರ ಎಲ್ಲ ಎದ್ದು ಬರುವುದು.

ನೆಲದ ವಿಷಯ ಬರೆದಿದ್ದು ಒಳ್ಳೆಯದಾಯಿತು. ಹೊಳೆಯುವ ಕೆಂಪು ನೆಲದ ಮೇಲೆ ಕಿಟಕಿ ಬೆಳಕು ಬಿದ್ದು ಕೆಳಗಿನಿಂದ ಗಲ್ಲ, ಕತ್ತಿಗೆ ಹೊಡೆಯುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕಲರ್ ಫಿಲ್ಮ್‌ನಲ್ಲಿ ಗಲ್ಲದ ಕೆಳಗೆ ಕೆಂಪಗೆ ಕೂತಿರುತ್ತದೆ, ಸ್ಕ್ಯಾನ್ ಆದ ಮೇಲೆ ಅದನ್ನು ತೆಗೆಯುವುದು ದೊಡ್ಡ ರಗಳೆ. ಅಜ್ಜಿಯ ಮುಂದೆ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಮುಗೀತು. ಕಪ್ಪು-ಬಿಳುಪು ಆದರೆ ಈ ಬಣ್ಣದ ತೊಂದರೆಯೇ ಇಲ್ಲ.

ಫಿಲ್ಮ್ 400 ಐಎಸ್ಒ (ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು) ಇರಲಿ. ಕಪ್ಪು-ಬಿಳುಪಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್, ಕಲರ್‌ಗೆ ಕೊಡಾಕ್ ಪೋರ್ಟ್ರಾ 400. ಇಂಥ ಬೆಳಕಿನಲ್ಲಿ ಎಫ್ 5.6, 1/30 ಸೆಕೆಂಡ್ ಆಸುಪಾಸು ಬರಬಹುದು. ಟ್ರೈಪಾಡ್, ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ತಂತಿ) ಎರಡೂ ಬೇಕು.

ಅಳೆಯುವಾಗ ಎಲ್ಲರೂ ಎಡವುವುದು ಬಿಳಿ ಕೂದಲು, ತಿಳಿ ಬಣ್ಣದ ಸೀರೆಯಲ್ಲಿ. ಫೋನ್‌ನ ಮೀಟರ್ ಆ್ಯಪ್ ಮುಂದಿರುವುದನ್ನೆಲ್ಲ ನಡು ಬೂದು ಬಣ್ಣ ಅಂದುಕೊಂಡು ಲೆಕ್ಕ ಹಾಕುತ್ತದೆ. ಸೀರೆಗೆ ತೋರಿಸಿದರೆ ಮುಖ ಕಪ್ಪಾಗುತ್ತದೆ. ಮುಖಕ್ಕೇ ತೋರಿಸಿದರೆ ಬಣ್ಣದಿಂದ ಬಣ್ಣಕ್ಕೆ ಲೆಕ್ಕ ಬದಲಾಗುತ್ತದೆ. ಬಿಳಿ ಗುಮ್ಮಟ ಇರುವ ಲೈಟ್ ಮೀಟರ್ ಇದ್ದರೆ ಅಜ್ಜಿಯ ಗಲ್ಲದ ಹತ್ತಿರ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿ ಅಳೆಯಿರಿ, ಬೀಳುವ ಬೆಳಕನ್ನೇ ಅಳೆಯುವುದರಿಂದ ಮೈಬಣ್ಣದ ಗೊಡವೆ ಇಲ್ಲ. ಅದು ಇಲ್ಲದಿದ್ದರೆ ನಿಮ್ಮ ಅಂಗೈಯನ್ನು ಅದೇ ಬೆಳಕಿನಲ್ಲಿ ಹಿಡಿದು ಆ್ಯಪ್‌ನಲ್ಲಿ ಅಳೆಯಿರಿ, ಬಂದದ್ದಕ್ಕೆ ಒಂದು ಸ್ಟಾಪ್ ಜಾಸ್ತಿ ಕೊಡಿ. ಅಂಗೈ ಬಣ್ಣ ಜನರಿಂದ ಜನರಿಗೆ ಅಷ್ಟು ಬದಲಾಗಲ್ಲ, ನಡು ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿಯಾಗಿರುತ್ತದೆ. ಅನುಮಾನ ಬಂದಾಗ ನೆಗೆಟಿವ್ ಫಿಲ್ಮ್‌ಗೆ ಜಾಸ್ತಿಯೇ ಕೊಡಿ. ಒಂದು ಸ್ಟಾಪ್ ಹೆಚ್ಚಾದರೆ ಅದು ತಡೆಯುತ್ತದೆ, ಕಡಿಮೆಯಾದರೆ ನೆರಳಿನ ಕೆನ್ನೆಯಲ್ಲಿ ಏನೂ ಉಳಿಯಲ್ಲ.

ಯಾಶಿಕಾವನ್ನು ಸೊಂಟದ ಎತ್ತರಕ್ಕೆ ಹಿಡಿಯುವುದು ರೂಢಿ. ನಿಂತವರಿಗೆ ನಡೆಯುತ್ತದೆ, ಕೂತವರ ಮುಖ ಹತ್ತಿರದಿಂದ ತೆಗೆಯುವಾಗ ಕ್ಯಾಮೆರಾ ಕೆಳಗಾದರೆ ಮೂಗಿನ ಹೊಳ್ಳೆಯೇ ಮುಂದೆ ಬರುತ್ತದೆ. ಟ್ರೈಪಾಡ್ ಎತ್ತರವನ್ನು ಅಜ್ಜಿಯ ಕಣ್ಣಿನ ಮಟ್ಟಕ್ಕೆ ತನ್ನಿ. ಫೈಂಡರ್‌ನಲ್ಲಿ ಎಡ ಬಲ ಅದಲು ಬದಲಾಗಿ ಕಾಣುತ್ತದೆ, ಹಿಂದಿನ ದಿನ ಒಂದು ದಿಂಬು ಕೂರಿಸಿ ಅಭ್ಯಾಸ ಮಾಡಿಕೊಳ್ಳಿ, ಅವರನ್ನು ಕಾಯಿಸುವುದು ಬೇಡ.

ತಿಂಡಿ ಆದ ಮೇಲೆ, ಅವರಿಗೆ ಹುಷಾರಿರುವ ಹೊತ್ತಿನಲ್ಲಿ ಕೂರಿಸಿ. ಫೋಕಸ್ ಆದ ಮೇಲೆ ಫೈಂಡರ್‌ನಿಂದ ತಲೆ ಎತ್ತಿ, ಕ್ಯಾಮೆರಾ ಪಕ್ಕ ನಿಂತು ಕೇಬಲ್ ಕೈಯಲ್ಲಿ ಹಿಡಿದು ಮಾತಾಡಿಸಿ. ಅವರು ಯಂತ್ರವನ್ನು ನೋಡುವ ಬದಲು ಮೊಮ್ಮಗುವನ್ನು ನೋಡುತ್ತಾರೆ, ಪೋರ್ಟ್ರೇಟ್‌ಗೆ ಅದಕ್ಕಿಂತ ಏನು ಬೇಕು ಹೇಳಿ? ಮೊದಲ ಎರಡು ಫ್ರೇಮ್‌ಗೆ ಎಲ್ಲರೂ ಬಿಗಿಯಾಗಿರುತ್ತಾರೆ. ರೋಲ್ ಕೊಡುವ ಹನ್ನೆರಡೂ ಫ್ರೇಮ್ ಬೇಗ ಮುಗಿಸಬೇಡಿ. "ಆಯ್ತೇನೋ?" ಅಂತ ಕೇಳಿ ಅವರು ಭುಜ ಸಡಿಲ ಬಿಡುತ್ತಾರಲ್ಲ, ಆಗಲಿಕ್ಕೆ ಎರಡಾದರೂ ಉಳಿದಿರಲಿ.

ಪ್ರಶ್ನೆ: ಎಚ್‌ಪಿ5 ಮನೆಯಲ್ಲೇ ಡೆವಲಪ್ ಮಾಡ್ತೀನಿ. ಬೇಸಿಗೆಯಲ್ಲಿ ಮುಖಗಳು ತೀರಾ ಸುಣ್ಣ ಬಳಿದ ಹಾಗೆ ಬರ್ತಿವೆ, ನೆಗೆಟಿವ್ ಮೇಲೆ ಬಿಳಿ ಕಲೆ ಕೂಡ. — ರಾಜರಾಜೇಶ್ವರಿನಗರ

ನೀರು ನೋಡಿ. ಐಡಿ-11 ಡೆವಲಪರ್ ನೀರು ಬೆರೆಸದೆ ಬಳಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ಮೇಲಿನ ಟ್ಯಾಂಕ್‌ನ ನೀರು ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ, ಅದೇ ಏಳೂವರೆ ನಿಮಿಷ ಕೊಟ್ಟರೆ ಓವರ್ ಡೆವಲಪ್ ಆಗಿ ಹಣೆ, ಕೆನ್ನೆ ಎಲ್ಲ ಬೆಳ್ಳಗಾಗುತ್ತದೆ. ಟಬ್‌ನಲ್ಲಿ ಐಸ್ ಹಾಕಿದ ನೀರಿಟ್ಟು ಅದರಲ್ಲಿ ಬಾಟಲಿಗಳನ್ನು ನಿಲ್ಲಿಸಿ, ಥರ್ಮಾಮೀಟರ್ 20 ತೋರಿಸಿದ ಮೇಲೆ ಶುರು ಮಾಡಿ. ಫಿಕ್ಸರ್, ತೊಳೆಯುವ ನೀರೂ ಅದೇ ಆಸುಪಾಸಿನಲ್ಲಿರಲಿ. ಬಿಳಿ ಕಲೆ ಬೋರ್‌ವೆಲ್ ನೀರಿನ ಗಡಸುತನದ್ದು. ಕೊನೆಯ ಜಾಲಿಸುವಿಕೆಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಬಳಸಿ, ಒಂದೆರಡು ಹನಿ ವೆಟ್ಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರುವ ಹಾಗೆ ಮಾಡುವ ದ್ರವ) ಹಾಕಿ. ಕಲರ್ ರೋಲ್‌ಗೆ 38 ಡಿಗ್ರಿ ಕದಲದ ಹಾಗೆ ಹಿಡಿಯಬೇಕು, ಅದನ್ನು ಲ್ಯಾಬ್‌ಗೆ ಕೊಡುವುದೇ ವಾಸಿ.

ಪ್ರಶ್ನೆ: ತಾತನ ಆಗ್ಫಾ ಕ್ಲಿಕ್ ತ್ರೀ ಅಟ್ಟದ ಮೇಲೆ ಸಿಕ್ಕಿತು. ಇದರಲ್ಲೂ ಪೋರ್ಟ್ರೇಟ್ ತೆಗೀಬಹುದಾ? — ಕೆಂಗೇರಿ

ಖಂಡಿತ. ಅದೂ 120 ರೋಲ್, 6×6, ಹನ್ನೆರಡು ಫ್ರೇಮ್. ನಿಮ್ಮದೂ ದೊಡ್ಡ ನೆಗೆಟಿವ್ವೇ! ಫೋಕಸ್ ತಿರುಗಿಸುವ ಹಾಗಿಲ್ಲ, ಸರಳ ಲೆನ್ಸ್. ಮುಖದ ಹತ್ತಿರ ಹೋಗಬೇಡಿ, ಹತ್ತು ಅಡಿ ದೂರದಲ್ಲಿ ಇಡೀ ಮನುಷ್ಯರನ್ನು ನಿಲ್ಲಿಸಿ, ಅವರ ಅಂಗಡಿ ಮುಂದೆ, ಜಗಲಿ ಮೇಲೆ, ಬೆಳಗ್ಗೆ ಒಂಬತ್ತರ ಬಿಸಿಲಿನಲ್ಲಿ. 100 ಅಥವಾ 125 ಐಎಸ್ಒ ಫಿಲ್ಮ್ ಹಾಕಿ. ಫ್ರೇಮ್ ಅಂಕಿ ಕಾಣುವ ಹಿಂದಿನ ಕೆಂಪು ಕಿಂಡಿಗೆ ಕಪ್ಪು ಟೇಪ್ ಅಂಟಿಸಿ, ರೋಲ್ ಸುತ್ತುವಾಗ ಮಾತ್ರ ನೆರಳಲ್ಲಿ ನಿಂತು ಎತ್ತಿ ನೋಡಿ.

ಆದರೆ ತೆರೆಯುವ ಮುಂಚೆ ಒಂದು ಕೆಲಸ. ಆ ಕಿಂಡಿಯಲ್ಲಿ ಅಂಕಿ ಕಾಣುತ್ತಾ ನೋಡಿ. ಕಂಡರೆ ಒಳಗೆ ಪೂರ್ತಿಯಾಗದ ರೋಲ್ ಇದೆ ಅಂತ. ತೆರೆಯದೆ ಕೊನೆಯವರೆಗೂ ಮೆಲ್ಲಗೆ ಸುತ್ತಿ, ಕತ್ತಲಲ್ಲಿ ತೆಗೆದು ಕಪ್ಪು-ಬಿಳುಪು ತೊಳೆಯುವ ಲ್ಯಾಬ್‌ಗೆ ಹಳೆಯ ರೋಲ್ ಅಂತ ಹೇಳಿ ಕೊಡಿ. ಒಳಗೆ ಬರೀ ಖಾಲಿ ಸ್ಪೂಲ್ ಇದ್ದರೆ ಎಸೆಯಬೇಡಿ, ಹೊಸ ರೋಲ್ ಸುತ್ತಿಕೊಳ್ಳಲು ಅದು ಬೇಕೇ ಬೇಕು.