ಮುದ್ದೆಯ ಕ್ಯಾಲೊರಿ: ಯಾರ ಲೆಕ್ಕವನ್ನು ನಂಬಬೇಕು?

ಪ್ರಶ್ನೆ: ನನಗೆ 52 ವರ್ಷ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಅಂಚಿಗೆ ಬಂದಿದೆಯೆಂದು ಹೇಳಿದ ವೈದ್ಯರು, ತೂಕ ಇಳಿಸಿಕೊಂಡು ಊಟದಲ್ಲಿ ಹಿಡಿತವಿರಲೆಂದು ಸೂಚಿಸಿದರು. ಮಗ ನನ್ನ ಫೋನಿಗೆ ಕ್ಯಾಲೊರಿ ಎಣಿಸುವ ಎರಡು ಆ್ಯಪ್ ಹಾಕಿಕೊಟ್ಟಿದ್ದಾನೆ. ರಾಗಿಮುದ್ದೆಗೆ ಒಂದು 115 ಎನ್ನುತ್ತದೆ, ಇನ್ನೊಂದು 320 ಎನ್ನುತ್ತದೆ. ಬಸ್ಸಾರಂತೂ ಎರಡರಲ್ಲೂ ಇಲ್ಲ. ನಮ್ಮ ಅಡುಗೆಗೆ ಒಪ್ಪುವ, ನಂಬಬಹುದಾದ ಲೆಕ್ಕ ಎಲ್ಲಿ ಸಿಗುತ್ತದೆ?
— ಹೆಸರು ಬೇಡ, ತಿಪಟೂರು

ಉತ್ತರ: ಎರಡು ಆ್ಯಪ್‌ಗಳೂ ಸುಳ್ಳು ಹೇಳಿರಲಿಕ್ಕಿಲ್ಲ, ಅವು ಎರಡು ಬೇರೆ ವಸ್ತುಗಳ ಬಗ್ಗೆ ಹೇಳುತ್ತಿರಬೇಕು. ನೂರು ಗ್ರಾಂ ಒಣ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಅದೇ ಹಿಟ್ಟು ಎಸರಿನಲ್ಲಿ ಬೆಂದು, ನೀರು ಹೀರಿಕೊಂಡು ಮುದ್ದೆಯಾಗುವ ಹೊತ್ತಿಗೆ ತೂಕ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ಹೀಗಾಗಿ ನೂರು ಗ್ರಾಂ ಮುದ್ದೆಯ ಲೆಕ್ಕ ಕೇಳಿದರೆ ಉತ್ತರ 110ರಿಂದ 130ರ ಆಸುಪಾಸಿಗೆ ಇಳಿಯುತ್ತದೆ. ಆದರೆ ನಿಮ್ಮ ತಟ್ಟೆಗೆ ಬೀಳುವ ಮುದ್ದೆ ನೂರು ಗ್ರಾಂ ಹಿಟ್ಟಿನದೂ ಅಲ್ಲ, ನೂರು ಗ್ರಾಂ ತೂಕದ್ದೂ ಅಲ್ಲ. ಅದು ನಿಮ್ಮ ಕೈ ಕಟ್ಟಿದ ಗಾತ್ರದ್ದು. ಅನ್ನಕ್ಕೂ ಇದೇ ಗೊಂದಲವಿದೆ: ನೂರು ಗ್ರಾಂ ಅಕ್ಕಿಗೆ ಸುಮಾರು 356 ಕ್ಯಾಲೊರಿಯಾದರೆ, ನೂರು ಗ್ರಾಂ ಅನ್ನಕ್ಕೆ ಹೆಚ್ಚುಕಡಿಮೆ 130. ಹಸಿಯೋ ಬೆಂದದ್ದೋ ಎಂಬುದನ್ನು ಹೇಳದ ಅಂಕಿಯನ್ನು, ಅದು ಎಷ್ಟೇ ಚೆಂದದ ಆ್ಯಪ್‌ನಲ್ಲಿದ್ದರೂ, ಪಕ್ಕಕ್ಕಿಡಿ.

ಆದ್ದರಿಂದ ಮೊದಲು ಬೇಕಾದ ಸಲಕರಣೆ ಆ್ಯಪ್ ಅಲ್ಲ, ಒಂದು ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಅದು ನಿಜ ಹೇಳುತ್ತದೆಯೇ ಎಂದು ತಿಳಿಯಲು ಪಾತ್ರೆಯಿಟ್ಟು ಸೊನ್ನೆ ಮಾಡಿ, ಅಳತೆ ಗುರುತಿರುವ ಲೋಟದಿಂದ ಅರ್ಧ ಲೀಟರ್ ನೀರು ಸುರಿಯಿರಿ. 500 ಗ್ರಾಂ ಆಸುಪಾಸು ಬಂದರೆ ಸಾಕು. ಈಗ ಮನೆಮಂದಿಗೆಲ್ಲ ಮುದ್ದೆಗೆಂದು ತೆಗೆಯುವ ಹಿಟ್ಟನ್ನು ಒಮ್ಮೆ ತೂಗಿ. 300 ಗ್ರಾಂ ಹಿಟ್ಟಿನಲ್ಲಿ ನಾಲ್ಕು ಮುದ್ದೆ ಕಟ್ಟಿದರೆ ಒಂದಕ್ಕೆ 75 ಗ್ರಾಂ ಹಿಟ್ಟು, ಅಂದರೆ 240 ಕ್ಯಾಲೊರಿ. ಹಿಟ್ಟು ಅಳೆಯುವ ಪಾವಿನಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂಬುದನ್ನು ಡಬ್ಬದ ಮುಚ್ಚಳದ ಮೇಲೆ ಬರೆದಿಟ್ಟರೆ ತಕ್ಕಡಿಯನ್ನು ಮತ್ತೆ ಅಟ್ಟಕ್ಕೇರಿಸಬಹುದು. ಅಕ್ಕಿಯ ಪಾವಿನ ತೂಕವೇ ಬೇರೆ, ಹಿಟ್ಟಿನ ಪಾವಿನ ತೂಕವೇ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ನಾನೇ ಒಮ್ಮೆ ಎರಡನ್ನೂ ಒಂದೇ ಎಂದುಕೊಂಡು ಒಂದು ವಾರದ ಲೆಕ್ಕವನ್ನೆಲ್ಲ ಕೆಡಿಸಿಕೊಂಡಿದ್ದೆ.

ಈ ಅಂಕಿಗಳ ಮೂಲವನ್ನೂ ಕೇಳಿದ್ದೀರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳಲ್ಲಿ, ದೇಶದ ಆರು ವಲಯಗಳಿಂದ ಮಾದರಿ ತಂದು ಪರೀಕ್ಷಿಸಿದ 528 ಆಹಾರ ಪದಾರ್ಥಗಳ ವಿವರವಿದೆ. ಈ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಸಣ್ಣ ಘಟಕವಾಗಿ ಆರಂಭವಾದದ್ದು. ಯಾವ ಹಿಟ್ಟನ್ನೂ ಎಣ್ಣೆಯನ್ನೂ ಮಾರುವ ಉದ್ದೇಶ ಅದಕ್ಕಿಲ್ಲವೆಂಬುದೇ ನಂಬಿಕೆಗೆ ದೊಡ್ಡ ಕಾರಣ. ಕೋಷ್ಟಕದಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿರುವುದರಿಂದ ರಾಗಿಯ ಎದುರಿಗೆ 1,300ಕ್ಕೂ ಮೀರಿದ ಸಂಖ್ಯೆ ಕಂಡು ಗಾಬರಿಯಾಗಬೇಡಿ, 4.18ರಿಂದ ಭಾಗಿಸಿದರೆ ನಮಗೆ ಪರಿಚಿತವಾದ ಕ್ಯಾಲೊರಿ ಸಿಗುತ್ತದೆ. ಅದೇ ಸಂಸ್ಥೆ ‘ನ್ಯೂಟ್ರಿಫೈ ಇಂಡಿಯಾ ನೌ’ ಎಂಬ ಆ್ಯಪನ್ನೂ ರೂಪಿಸಿದೆ. ಬಸ್ಸಾರು ಯಾವ ಪಟ್ಟಿಯಲ್ಲೂ ಸಿಗದಿದ್ದರೆ ಚಿಂತೆಯಿಲ್ಲ: ಬೇಯಿಸಲು ಹಾಕಿದ ಕಾಳು, ಸೊಪ್ಪು, ರುಬ್ಬಿದ ಕಾಯಿ, ಒಗ್ಗರಣೆಯ ಎಣ್ಣೆ ಇವನ್ನು ಬಿಡಿಬಿಡಿಯಾಗಿ ಕೂಡಿಸಿ, ಪಲ್ಯವನ್ನೂ ಸೇರಿಸಿಕೊಂಡು, ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ಕಾಯಿ ಮತ್ತು ಎಣ್ಣೆಯ ಲೆಕ್ಕ ಸರಿಯಿದ್ದರೆ ಉಳಿದದ್ದರಲ್ಲಿ ಹತ್ತಿಪ್ಪತ್ತು ಹೆಚ್ಚುಕಡಿಮೆಯಾದರೂ ಬಾಧಕವಿಲ್ಲ.

ಕೋಷ್ಟಕ ನೋಡಿದಾಗ ನಿಮಗೆ ಇನ್ನೊಂದು ವಿಷಯವೂ ಹೊಳೆಯಬೇಕು. ಒಣ ತೂಕದಲ್ಲಿ ರಾಗಿಗೂ ಅಕ್ಕಿಗೂ ಕ್ಯಾಲೊರಿಯ ಅಂತರ ಅಷ್ಟೇನೂ ಇಲ್ಲ. ಅಂತರವಿರುವುದು ನಾರಿನಲ್ಲಿ (ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ) ಮತ್ತು ಸುಣ್ಣದಂಶದಲ್ಲಿ (ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ). ಅನ್ನ ಬಿಟ್ಟು ಮುದ್ದೆ ಹಿಡಿದೆನೆಂಬ ಧೈರ್ಯದಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡರೆ ತೂಕ ಇಳಿಯುವುದಿಲ್ಲ.

ಪ್ರತಿದಿನ ಎಣಿಸುವ ತಾಳ್ಮೆ ಇಲ್ಲದವರಿಗೆ ತಿಂಗಳ ಲೆಕ್ಕ ಹೆಚ್ಚು ಒಗ್ಗುತ್ತದೆ. ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, 2,000 ಕ್ಯಾಲೊರಿಯ ಒಂದು ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮಾಂಸ 85 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಕಾಯಿಬೀಜಗಳು 35 ಗ್ರಾಂ, ಎಣ್ಣೆ ತುಪ್ಪಗಳು ಸೇರಿ 27 ಗ್ರಾಂ ಇರಬೇಕು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ನಾಲ್ವರು ವಯಸ್ಕರ ಮನೆಗೆ ಇದನ್ನು ಗುಣಿಸಿ ನೋಡಿ: ತಿಂಗಳಿಗೆ ಎಣ್ಣೆ ತುಪ್ಪ ಎರಡೂ ಸೇರಿ ಮೂರೂವರೆ ಲೀಟರ್ ಆಸುಪಾಸು, ಒಂದು ಕೆ.ಜಿ. ಉಪ್ಪಿನ ಪೊಟ್ಟಣ ಐವತ್ತು ದಿನ ಬರಬೇಕು, ಅದೂ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪನ್ನು ಸೇರಿಸದೆ. ಇಂದು ಒಡೆದ ಪೊಟ್ಟಣದ ಮೇಲೆ ಪೆನ್ನಿನಲ್ಲಿ ದಿನಾಂಕ ಬರೆಯಿರಿ. ಅದು ಮೂವತ್ತನೆಯ ದಿನಕ್ಕೇ ಖಾಲಿಯಾದರೆ ಯಾವ ಆ್ಯಪ್ ಬಂದು ಹೇಳಬೇಕಾದ್ದೂ ಉಳಿದಿರುವುದಿಲ್ಲ.

ಪ್ರಶ್ನೆ: ಕೆಲಸದ ನಡುವೆ ಹಸಿವಾದಾಗ ‘ಮಲ್ಟಿಗ್ರೇನ್’ ಬಿಸ್ಕತ್ತು, ‘ಬೇಕ್ಡ್’ ಎಂದು ಬರೆದ ಖಾರದ ತಿನಿಸು ಕೊಳ್ಳುತ್ತೇನೆ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಆರೋಗ್ಯಕ್ಕೆ ಒಳ್ಳೆಯದೆಂದು ತಿಳಿಯಬಹುದೇ?
— ಐ.ಟಿ. ಉದ್ಯೋಗಿ, ಬೆಂಗಳೂರು

ಉತ್ತರ: ತಿಳಿಯುವಂತಿಲ್ಲ. ಆ ಹದಿನಾಲ್ಕು ಅಂಕಿಯ ಸಂಖ್ಯೆ ತಯಾರಕರ ಪರವಾನಗಿಯನ್ನು ಗುರುತಿಸುತ್ತದೆ. ಒಳಗಿನ ತಿನಿಸು ಹಿತಮಿತವೆಂಬ ಪ್ರಮಾಣಪತ್ರ ಅದಲ್ಲ. ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿಗೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲವೆಂಬ ಕಾರಣಕ್ಕೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆ ವಿಭಾಗದಿಂದ ಪಾನೀಯಗಳನ್ನು ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಪೊಟ್ಟಣದ ಮುಂಭಾಗದ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಇದರಿಂದಲೇ ಊಹಿಸಿಕೊಳ್ಳಿ.

ಹಿಂಭಾಗವನ್ನು ಓದಿ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ ಬಂದು, ಓಟ್ಸ್ ಮತ್ತು ರಾಗಿ ಕೊನೆಯಲ್ಲಿ ನೂರಕ್ಕೆ ಎರಡು ಪಾಲೆಂದು ಕಂಡರೆ ಅದು ಮೈದಾ ಬಿಸ್ಕತ್ತೇ. ಬಳಿಕ ನೂರು ಗ್ರಾಂ ಲೆಕ್ಕದ ಕಂಬಸಾಲನ್ನು ನೋಡಿ. ಒಂದು ಸಲದ ಪ್ರಮಾಣವೆಂದು ಎರಡೇ ಬಿಸ್ಕತ್ತಿಗೆ ಕೊಟ್ಟ ಅಂಕಿ ಸಣ್ಣದಾಗಿ ಕಾಣುವುದು ಸಹಜ, ನಾವು ಎರಡಕ್ಕೆ ನಿಲ್ಲುವುದು ಅಪರೂಪ. ಸೋಡಿಯಂ ಮಿಲಿಗ್ರಾಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಖಾರದ ತಿನಿಸಿನಲ್ಲಿ ನೂರು ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಇದ್ದು ನೀವು 50 ಗ್ರಾಂ ತಿಂದಿರೆಂದರೆ, ಒಂದು ಗ್ರಾಂ ಉಪ್ಪು, ಅಂದರೆ ದಿನದ ಪಾಲಿನ ಐದನೆಯ ಒಂದು ಭಾಗ, ಸಂಜೆಯ ಚಹಾದೊಂದಿಗೇ ಮುಗಿಯಿತು. ಎಣ್ಣೆಯಲ್ಲಿ ಕರಿಯದೆ ಬೇಯಿಸಿದ್ದೇವೆಂಬ ಮಾತು ಈ ಉಪ್ಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೇಜಿನ ಖಾನೆಯಲ್ಲಿ ಹುರಿದ ಕಡಲೆಯ ಡಬ್ಬ ಇಟ್ಟುಕೊಂಡರೆ ಇಷ್ಟು ಓದುವ ಶ್ರಮವೂ ತಪ್ಪುತ್ತದೆ.

ಪ್ರಶ್ನೆ: ಸಿರಿಧಾನ್ಯ ತಿಂದರೆ ಸಕ್ಕರೆ ಕಾಯಿಲೆಯ ಮಾತ್ರೆಯೇ ಬೇಡವೆಂದು ಹೇಳುವ ವಿಡಿಯೊ ನೋಡಿ ನಮ್ಮ ಅತ್ತೆಯವರು ಮಾತ್ರೆ ಬಿಡಲು ಹೊರಟಿದ್ದಾರೆ. ಅವರಿಗೆ ಹೇಗೆ ತಿಳಿಸಿ ಹೇಳಲಿ?
— ಓದುಗರು, ದಾವಣಗೆರೆ

ಉತ್ತರ: ಸಿರಿಧಾನ್ಯವನ್ನು ಅಲ್ಲಗಳೆಯುತ್ತ ಮಾತು ಆರಂಭಿಸಬೇಡಿ, ಅವರು ಅದನ್ನು ಉಣ್ಣಲಿ, ಮಾತ್ರೆಯನ್ನೂ ನುಂಗಲಿ. ಮಾತ್ರೆ ಕಡಿಮೆ ಮಾಡಬೇಕಾದರೆ ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕೆಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಿ. ವಿಡಿಯೊದಲ್ಲಿ ಮಾತನಾಡುವವರ ಕಲಿಕೆ ಯಾವುದು, ಕೊನೆಗೆ ತಮ್ಮದೇ ಹಿಟ್ಟು ಅಥವಾ ಕಷಾಯ ಮಾರುತ್ತಾರೆಯೇ ಎಂಬುದನ್ನು ಅತ್ತೆಯವರೊಂದಿಗೆ ಕುಳಿತೇ ನೋಡಿ. ಊಟದ ಪಟ್ಟಿ ಬೇಕಿದ್ದರೆ ಆಸ್ಪತ್ರೆಯ ಡಯೆಟಿಷಿಯನ್ ಬರೆದುಕೊಡುತ್ತಾರೆ. ಮೂತ್ರಪಿಂಡದ ತೊಂದರೆಯೂ ಇರುವವರಿಗಂತೂ ಅವರ ಸಲಹೆಯಿಲ್ಲದೆ ಸೊಪ್ಪು, ಕಾಳು, ಹಣ್ಣುಗಳ ಪ್ರಮಾಣವನ್ನು ಏರಿಸುವಂತಿಲ್ಲ. ಇನ್ನು ಮನೆಯಲ್ಲಿ ಗ್ಲುಕೊಮೀಟರ್ ಇದ್ದರೆ ವಾದವೇ ಬೇಕಾಗಿಲ್ಲ. ಒಂದು ದಿನ ಎಂದಿನ ಅನ್ನ, ಇನ್ನೊಂದು ದಿನ ಅಷ್ಟೇ ಒಣ ತೂಕದ ನವಣೆಯ ಅನ್ನ, ಎರಡೂ ದಿನ ಅದೇ ಸಾರು, ಅದೇ ಪಲ್ಯ, ಅದೇ ಮಾತ್ರೆ; ಊಟಕ್ಕೆ ಕುಳಿತ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಪರೀಕ್ಷಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೀಗೆ ನಾಲ್ಕೈದು ಜೋಡಿ ಅಂಕಿಗಳಾದ ಮೇಲೆ ಆ ಹಾಳೆಯನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ಅತ್ತೆಯವರೇ ಇಡಲಿ.